ಗೂಡಿನಲ್ಲಿ ಉಳಿದ ಬೋಟು

ಶಾಂಭವಿ ಲ್ಯಾಪ್‌ಟಾಪನ್ನು ಒಲೆಕಟ್ಟೆಯ ಮೇಲಿಟ್ಟು ಬಂದರಿನ ಸರ್ವರನ್ನು ಮತ್ತೆ ಶುರು ಮಾಡುತ್ತಿದ್ದಳು. ಹೆಣ ಮನೆಯಲ್ಲಿರುವಾಗ ಒಲೆ ಹಚ್ಚುವಂತಿಲ್ಲ. ಹಾಗಾಗಿ ಹೊನ್ನಾವರದಲ್ಲಿ ನಾಗಪತಿ ಹೆಗಡೆಯ ಬಾಡಿಗೆ ಮನೆಯಲ್ಲಿ ಜನರಿಲ್ಲದ ಜಾಗವೆಂದರೆ ಅಡುಗೆಮನೆಯೊಂದೇ.

ಹೊರಗೆ ಜಗಲಿಯಲ್ಲಿ ನಾಗಪತಿಯನ್ನು ಮಲಗಿಸಿದ್ದರು. ಬೆಳಿಗ್ಗೆ ಐದೂವರೆಗೆ ಎದೆನೋವು ಎಂದವನು ಆರು ಗಂಟೆಗೆ ಇರಲಿಲ್ಲ. ಐವತ್ತಾರು ವರ್ಷ. ಅವನದು ಇಬ್ಬರೇ ಇದ್ದ ಕಂಪ್ಯೂಟರ್ ಆಫೀಸು, ಎರಡನೆಯವಳು ಶಾಂಭವಿ. ಹನ್ನೊಂದು ವರ್ಷ ಜೊತೆಗೆ ಕೆಲಸ ಮಾಡಿದವಳಿಗೆ ನೆಟ್ಟಗೆ ಅಳುವುದಕ್ಕೂ ಬಿಡುವು ಸಿಕ್ಕಿರಲಿಲ್ಲ. ಎಂಟೂವರೆಗೆ ಮೀನುಗಾರರ ಸಂಘದ ಕಾರ್ಯದರ್ಶಿ ಫೋನ್ ಮಾಡಿ, "ಅಕ್ಕ, ಬೋಟಿನ ಲಿಸ್ಟು ಮತ್ತೆ ಸತ್ತೋಯ್ತು" ಎಂದು, ತಾನೇ ನಾಲಿಗೆ ಕಚ್ಚಿಕೊಂಡಿದ್ದ.

ಚಟ್ಟಕ್ಕೆ ಹಗ್ಗ ಹುಡುಕುತ್ತ ಬಂದ ಪಕ್ಕದ ಮನೆಯ ಬೊಮ್ಮಯ್ಯ ಬಾಗಿಲಲ್ಲೇ ನಿಂತ. "ಎಂತ ಮಾರಾಯ್ತಿ, ಇವತ್ತೂ ಕಂಪ್ಯೂಟರಾ?"

"ಇದೊಂದ್ ಸಲ ಬೊಮ್ಮಯ್ಯಣ್ಣ."

"ಅಂವನೂ ಹಂಗೇ ಹೇಳ್ತಿದ್ದ. ಭಟ್ಕಳದಿಂದ ಅಂವನ ತಮ್ಮ ಜಗದೀಶ ಬರೂಕೆ ಇನ್ನೂ ಒಂದು ತಾಸದೆ. ಅಲ್ಲೀವರೆಗೆ ಕುಟ್ಟು."

ಹೀಗೆ ಸರ್ವರ್ ಬಿದ್ದದ್ದು ಮೂರು ವರ್ಷದಲ್ಲಿ ಇದು ಹತ್ತನೇ ಸಲ. ಮತ್ತೆ ಶುರು ಮಾಡಲು ಐದು ನಿಮಿಷ ಸಾಕು. ಶುರುವಾದ ಕೂಡಲೇ ಜನರ ಫೋನುಗಳು ತಾವಾಗಿಯೇ ಬಂದು ಕೂಡಿಕೊಳ್ಳುತ್ತವೆ. ಆದರೆ ಯಾಕೆ ಬೀಳುತ್ತದೆ ಎಂದು ತಿಳಿಯದೆಯೇ ನಾಗಪತಿ ಹೋಗಿಬಿಟ್ಟ. ಅವನನ್ನು ಎತ್ತುವುದರೊಳಗೆ ಕಾರಣ ಸಿಗಬೇಕು ಎಂದು ಶಾಂಭವಿಗೆ ಹಟ ಹತ್ತಿತ್ತು.

*

"ಪೋಸ್ಟಾಫೀಸಿನ ಗೂಡು ನೋಡಿದ್ಯಲ? ಅಷ್ಟೇ ಇದು" ಎಂದು ನಾಗಪತಿ ಅವಳಿಗೆ ಮೊದಲ ಸಲ ವಿವರಿಸಿದ್ದ.

ಸಮುದ್ರಕ್ಕೆ ಹೋದ ಪ್ರತಿ ಬೋಟಿಗೂ ಒಂದು ಪುಟ. ಬೋಟು ಕೊನೆಗೆ ಎಲ್ಲಿ ಕಂಡಿತು, ವಾಪಸ್ಸಾಯಿತೋ ಇಲ್ಲವೋ, ಮನೆಯವರು ಫೋನಿನಲ್ಲೇ ನೋಡಬಹುದು. ಪ್ರತಿ ಸಲ ಡಿಸ್ಕಿನ ದಾಸ್ತಾನಿಗೆ ಹೋಗಿ ಹುಡುಕಿದರೆ ತಡವಾಗುತ್ತದೆ. ಅದಕ್ಕೇ ಈಚೆಗೆ ಕೇಳಿದ ಪುಟಗಳನ್ನು ಮೆಮೊರಿಯ ಗೂಡುಗಳಲ್ಲಿ ಇಟ್ಟುಕೊಳ್ಳುವುದು. ಬೋಟಿನ ನಂಬರಿಗೆ ಒಂದು ಗುಣಾಕಾರ ಮಾಡಿದರೆ ಯಾವ ಗೂಡು ಎಂದು ನೇರ ಗೊತ್ತಾಗುತ್ತದೆ, ಹುಡುಕುವ ಗೋಜಿಲ್ಲ. ಗೂಡು ತುಂಬಿದಾಗ ಎಲ್ಲಕ್ಕಿಂತ ಹಿಂದೆ ತೆರೆದ ಪುಟವನ್ನು ಎಸೆದು ಹೊಸದಕ್ಕೆ ಜಾಗ ಮಾಡುವುದು.

ಇಷ್ಟು ಸಾದಾ ಕೆಲಸ, ಮೂರು ನಾಲ್ಕು ತಿಂಗಳಿಗೊಮ್ಮೆ ಧಡಕ್ಕನೆ ಬೀಳುತ್ತಿತ್ತು. ನಾಗಪತಿ ಆಫೀಸಿನಲ್ಲಿ ಸುಳ್ಳು ಬೋಟು, ಸುಳ್ಳು ಫೋನು ಸೃಷ್ಟಿಸಿ ಲಕ್ಷ ಸಲ ಓಡಿಸಿದ. ಒಮ್ಮೆಯೂ ಬೀಳಲಿಲ್ಲ. ಬಿದ್ದ ದಿನ, ಗಂಟೆ, ಮಳೆ, ಕರೆಂಟು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದ. ಸಂಘದ ಸಭೆಯಲ್ಲಿ ಒಬ್ಬರು, "ಹೆಗಡೇರೆ, ಬೋಟು ಕಾಣೂದಿಲ್ಲ ಅಂದಾಗ್ಲೇ ನಿಮ್ಮ ಲಿಸ್ಟೂ ಕಾಣೂದಿಲ್ಲ. ಇದ್ದೆಂತ ಪ್ರಯೋಜನ?" ಎಂದರು. ಎಲ್ಲರೂ ನಕ್ಕರು. ನಾಗಪತಿಯೂ ನಕ್ಕ. ಆಫೀಸಿಗೆ ಬಂದು ಊಟ ಮಾಡದೆ ಕೂತ.

ಆ ಮಾತಿನಲ್ಲೇ ಉತ್ತರವಿತ್ತು. ಇಬ್ಬರಿಗೂ ಅದು ಬೈಗುಳವಾಗಿಯಷ್ಟೇ ಕೇಳಿಸಿತ್ತು.

*

ಮುಖ ನೋಡಲು ಬಂದವರಲ್ಲಿ ಮಾವಿನಕುರ್ವೆಯ ದೀಪಾ ಇದ್ದಳು. ನಮಸ್ಕಾರ ಮಾಡಿ ಬಂದವಳು ಅಡುಗೆಮನೆಯ ಬಾಗಿಲಲ್ಲಿ ಕೂತಳು. ಕೈಯಲ್ಲಿ ಫೋನಿತ್ತು, ಕಣ್ಣು ಕೆಂಪಗಿತ್ತು.

"ಅಕ್ಕ, ಇಂತಾ ಹೊತ್ತಲ್ಲಿ ಕೇಳ್ಬಾರ್ದು. ಲಿಸ್ಟ್ ಬಂತಾ?"

"ಬಂತು. ಯಾವ ಬೋಟು?"

"ಜಟಗ ಪ್ರಸಾದ. ನನ್ನ ಗಂಡ ದೇವು ಅದ್ರಲ್ಲೇ ಹೋದದ್ದು. ನಿನ್ನೆ ಸಂಜೆಗೆ ಬರ್ಬೇಕಿತ್ತು." ದೀಪಾ ಸೆರಗಿನಿಂದ ಫೋನಿನ ಗಾಜು ಒರೆಸಿದಳು. "ನಿನ್ನೆಯಿಂದ ಇದನ್ನೇ ಹಿಡ್ಕಂಡು ಕೂತದ್ದು. ಬೆಳಿಗ್ಗೆ ಇದ್ದಕ್ಕಿದ್ದಂಗೆ ಹೋಗ್ಬಿಡ್ತು."

ಶಾಂಭವಿಯ ಬೆರಳು ನಿಂತಿತು. "ನಿನ್ನೆಯಿಂದ ಒಂದ್ ಸಲನೂ ಮುಚ್ಚಲಿಲ್ವಾ?"

"ಮುಚ್ಚೂದಿಲ್ಲ ಅಕ್ಕ. ಬೋಟು ತಡ ಆದ್ರೆ ನಮ್ಮಲ್ಲಿ ಯಾರೂ ಮುಚ್ಚೂದಿಲ್ಲ. ಅತ್ತೆ ಕಾಲದಲ್ಲಿ ದೀಪ ಆರಿಸ್ತಿರ್ಲಿಲ್ಲ. ಈಗ ಇದು."

ಶಾಂಭವಿ ಚೀಲದಿಂದ ನಾಗಪತಿಯ ನೋಟ್‌ಬುಕ್ ತೆಗೆದಳು. "ಹೋದ ವರ್ಷ ಆಗಸ್ಟ್ ಇಪ್ಪತ್ತೆರಡು, ನೆನಪದೆಯಾ?"

"ಮರೆಯೂದುಂಟಾ? ನಮ್ಮ ಮಾವನ ಬೋಟಿನ ಅಡಿ ಫ್ಯಾನಿಗೆ ಬಲೆ ಸಿಕ್ಕಿ ತಡ ಆದದ್ದು ಅವತ್ತೇ."

"ಜನವರಿ ಒಂಬತ್ತು?"

"ಪಕ್ಕದ ಮನೆಯವ್ರದ್ದು. ಮಾರನೇ ದಿನ ಮಧ್ಯಾಹ್ನ ಬಂತು."

ಉಳಿದ ದಿನಗಳನ್ನು ಕೇಳುವ ಅಗತ್ಯ ಬೀಳಲಿಲ್ಲ. ಪುಟ ತೆರೆದವರು ನೋಡಿ ಮುಚ್ಚುತ್ತಾರೆ ಎಂದು ನಾಗಪತಿ ನಂಬಿದ್ದ. ಕಾಯುವವರು ಮುಚ್ಚುವುದಿಲ್ಲ. ರಾತ್ರಿಯಿಡೀ ಹಿಡಿದೇ ಇರುತ್ತಾರೆ. ಬೆಳಿಗ್ಗೆ ಬೇರೆ ನೂರಾರು ಜನ ತಮ್ಮ ಬೋಟು ನೋಡಲು ಬಂದಾಗ ಗೂಡು ತುಂಬುತ್ತದೆ, ಎಲ್ಲಕ್ಕಿಂತ ಹಿಂದೆ ತೆರೆದದ್ದು ಅದೇ ಪುಟ ಎಂದು ಯಂತ್ರ ಎಸೆಯುತ್ತದೆ. ಆಮೇಲೆ ಹಿಡಿದು ಕೂತವರಿಗೆ ಹೊಸ ಸುದ್ದಿ ಕೊಡಲು ಹೋಗಿ, ಇಲ್ಲದ ಪುಟಕ್ಕೆ ಕೈಹಾಕಿ ತಾನೇ ಬೀಳುತ್ತದೆ. ಆಫೀಸಿನ ಸುಳ್ಳು ಫೋನುಗಳು ನೋಡಿ ಮುಚ್ಚುತ್ತಿದ್ದವು, ಅವುಗಳ ಗಂಡಂದಿರು ಸಮುದ್ರಕ್ಕೆ ಹೋಗಿರಲಿಲ್ಲ.

ಕೋಡಿನಲ್ಲಿ ಬದಲಿಸಬೇಕಾದದ್ದು ಎಂಟು ಸಾಲು. ಪ್ರತಿ ಪುಟಕ್ಕೂ ಒಂದು ಎಣಿಕೆ, ತೆರೆದಾಗ ಒಂದು ಕೂಡಿಸಿ, ಮುಚ್ಚಿದಾಗ ಒಂದು ಕಳೆಯುವುದು. ಸೊನ್ನೆಯಾಗದೆ ಎಸೆಯುವಂತಿಲ್ಲ. ತಪ್ಪಾದರೆ ಕಾಣಲಿ ಎಂದು ಆ ಎಣಿಕೆಯನ್ನು ಪರದೆಯ ಮೇಲೂ ತೋರಿಸಿ, ಮೇಲೆ 'ಹಿಡಿದವರು' ಎಂದು ಬರೆದಳು. ಬರೆಯುತ್ತಿದ್ದಂತೆ ಅಳು ಬಂತು. ಮೂರು ವರ್ಷ ಮನುಷ್ಯನನ್ನು ಹಣ್ಣು ಮಾಡಿದ್ದು ಇಷ್ಟೇ ಇಷ್ಟು.

ಅಷ್ಟರಲ್ಲಿ ಜಗದೀಶ ಬಂದ. ಮಂತ್ರ ಮುಗಿಯಿತು. ಬೊಮ್ಮಯ್ಯನ ದನಿ ಒಳಗಿನವರೆಗೂ ಕೇಳಿಸಿತು.

"ಎಲ್ರೂ ನೋಡಿ ಆತಾ? ಇನ್ನೂ ಯಾರಾದ್ರೂ ಇದ್ರಾ? ಎತ್ತೂದು ಮತ್ತೆ."

ಶಾಂಭವಿ ಓಡಿಹೋಗಿ ನಾಗಪತಿಯ ಪಾದ ಮುಟ್ಟಿದಳು. ಸಿಕ್ಕಿತು ಎಂದು ಹೇಳಬೇಕೆಂದಿದ್ದಳು. ಗಂಡಸರು ಎತ್ತಿಕೊಂಡು ಹೋದರು. ಹೆಂಗಸರು ಅಂಗಳದಲ್ಲೇ ಉಳಿದರು.

*

ಹೊಸ ಕೋಡು ಹಾಕಿ ಸರ್ವರ್ ಶುರು ಮಾಡಿದಾಗ ಪರದೆಯಲ್ಲಿ ಬೋಟುಗಳ ಸಾಲು ಮೂಡಿತು. ಜಟಗ ಪ್ರಸಾದ. ಹಿಡಿದವರು: ೨.

"ನಿಮ್ಮ ಮನೇಲಿ ಇನ್ಯಾರು ನೋಡ್ತಾ ಇದ್ರು?"

"ಯಾರೂ ಇಲ್ಲ. ಅತ್ತೆ ಹತ್ರ ಫೋನೇ ಇಲ್ಲ."

ತನ್ನ ಲೆಕ್ಕವೇ ತಪ್ಪಿತೇನೋ ಎಂದು ಶಾಂಭವಿ ಎಂಟು ಸಾಲನ್ನೂ ಮತ್ತೆ ಓದಿದಳು. ತಪ್ಪಿರಲಿಲ್ಲ. ಅಷ್ಟರಲ್ಲಿ ದೀಪಾಳ ಫೋನ್ ರಿಂಗಾಯಿತು, ದೇವು ಮಾತಾಡುತ್ತಿದ್ದ. ಎಂಜಿನ್ ಕೆಟ್ಟಿತ್ತಂತೆ, ಕುಮಟೆಯ ಬೋಟೊಂದು ಎಳೆದು ತಂದಿದೆಯಂತೆ, ಹೊಳೆಬಾಯಿಯ ಅಳಿವೆ ದಾಟಿ ಒಳಗೆ ಬಂದಾಯಿತಂತೆ. ದೀಪಾ "ಹೂಂ, ಹೂಂ" ಎಂದಷ್ಟೇ ಹೇಳಿ ಫೋನಿಟ್ಟಳು. ಸಾವಿನ ಮನೆಯಲ್ಲಿ ಸಂತೋಷಪಡಲು ನಾಚಿ, ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಪುಟವನ್ನು ಮುಚ್ಚಿ ಎದ್ದಳು.

ಹಿಡಿದವರು: ೧.

ಒಳಕೋಣೆಯಿಂದ ನಾಗಪತಿಯ ಹೆಂಡತಿ ಮಹಾಲಕ್ಷ್ಮೀ ಕರೆದಳು. ಮಿಂದ ಕೂದಲಿನಿಂದ ನೀರು ಇಳಿಯುತ್ತಿತ್ತು. ಕಿಟಕಿಯ ಕಟ್ಟೆಯ ಮೇಲೆ ಗಂಡನ ಫೋನು ಚಾರ್ಜಿನಲ್ಲಿತ್ತು, ಪರದೆಯ ದೀಪ ಉರಿಯುತ್ತಲೇ ಇತ್ತು.

"ನಿನ್ನೆ ಸಂಜೆಯಿಂದ ಹಿಂಗೇ ಇದ್ದು. ಎಂತ ಆದ್ರೂ ಮುಚ್ಚಡ, ನಾಳೆ ಶಾಂಭವಿಗೆ ತೋರ್ಸವು ಹೇಳಿದ್ದ. ಎಂತಕ್ಕೆ ಹೇಳಿ ನಂಗೆ ಗೊತ್ತಿಲ್ಲೆ. ಈಗ ಬಂದ್ ಮಾಡ್ಲಾ?"

ಶಾಂಭವಿ ಬಗ್ಗಿ ನೋಡಿದಳು. ಜಟಗ ಪ್ರಸಾದ. ಬಂದರಿಗೆ ವಾಪಸ್. ಕಾರಣ ಅವನಿಗೆ ನಿನ್ನೆಯೇ ಹೊಳೆದಿತ್ತು, ತೋರಿಸಬೇಕೆಂದು ಪುಟ ಮುಚ್ಚದೆ ಇಟ್ಟಿದ್ದ.

"ಇರ್ಲಿ ಅತ್ತಿಗೆ."

ಗಂಡಸರು ಮರಳುವ ಹೊತ್ತಿಗೆ ಬೊಮ್ಮಯ್ಯನ ಹೆಂಡತಿ ಒಲೆ ಹಚ್ಚಲು ಬಂದಳು. ಶಾಂಭವಿ ಲ್ಯಾಪ್‌ಟಾಪನ್ನು ಎತ್ತಿ ನೆಲದ ಮೇಲಿಟ್ಟುಕೊಂಡಳು. ಸಂಜೆಯ ಬೋಟುಗಳು ಒಂದೊಂದಾಗಿ ಬರುತ್ತಿದ್ದವು. ಗೂಡುಗಳು ತುಂಬಿ, ಹಳೆಯ ಪುಟಗಳೆಲ್ಲ ಒಂದರ ಹಿಂದೊಂದು ಹೋದವು. ಎಲ್ಲಕ್ಕಿಂತ ಹಳೆಯ ಆ ಒಂದು ಸಾಲು ಮಾತ್ರ ಕದಲದೆ ಮೇಲೆಯೇ ಇತ್ತು. ಹಿಡಿದವರು: ೧.