ಬೆನ್ನಿಗೆ ಮಾತ್ರ ಹಾಕಬಾರದು

ಬೆರಳಿಗೆ ಏನೋ ಗರಗರ ಎಂದಿತು, ಉಪ್ಪು ಬಿಸ್ಕತ್ತಿನ ಚೂರು, ನಿನ್ನೆಯದೋ ಆರು ವಾರದ ಹಿಂದಿನದೋ ಯಾರಿಗೆ ಗೊತ್ತು, ಹಾಸಿಗೆಯಲ್ಲೇ ತಿಂದು ಹಾಸಿಗೆಯಲ್ಲೇ ಹೊರಳಿದ ತಲೆ ಇದು, ವರ್ನಾ ಅದನ್ನು ಉಗುರಿನಿಂದ ಕಿತ್ತು ನೆಲಕ್ಕೆ ಹಾಕಿದಳು, ಹೊಸ್ತಿಲಲ್ಲಿ ಕಾಯುತ್ತಿದ್ದ ಗುಬ್ಬಿಗೆ ಅಷ್ಟೇ ಸಾಕು — ಬಿಡುತ್ತದೆ, ಈ ಗಂಟೂ ಬಿಡುತ್ತದೆ, ಬಿಡದ ಗಂಟನ್ನು ಅವಳು ಇನ್ನೂ ಕಂಡಿಲ್ಲ. ಮೂವತ್ತೆಂಟು ವರ್ಷ ಈ ಲಾಯದಲ್ಲಿ ಬಾಲ ಬಿಡಿಸಿದ ಕೈ, ಕೆಂಟಕಿಯ ಈ ಮೂಲೆಯಲ್ಲಿ ಪ್ರದರ್ಶನಕ್ಕೆ ಹೋಗುವ ಯಾವ ಕುದುರೆಯ ಬಾಲ ನೆಲಕ್ಕೆ ತಾಗುವಷ್ಟು ಉದ್ದವಿದ್ದರೂ ಜನ ಕೇಳುವುದು ಒಂದೇ, ಇದು ವರ್ನಾ ಟಾಲಿವರ್ ಕೈಯದಾ ಅಂತ. ಈಗ ಆ ಕೈಯಲ್ಲಿ ಕುದುರೆಯಲ್ಲ, ಹುಡುಗಿ, ಲಾಯದ ಯಜಮಾನ ರಾಯ್ಸ್‌ನ ಮಗಳು ಹ್ಯಾಡ್ಲಿ, ಹದಿನಾಲ್ಕು ವರ್ಷ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದಾಳೆ, ಎಡಗೈ ಇನ್ನೂ ಕೊರಳ ಜೋಳಿಗೆಯಲ್ಲಿ, ಬೆನ್ನು ಇವಳ ಕಡೆಗೆ, ಮುಖ ಗೋಡೆಯ ಜೀನುಗಳ ಕಡೆಗೆ. ಮುಖ ಕಾಣದಿರುವುದೇ ಒಳ್ಳೆಯದು. ಬೆಳಿಗ್ಗೆ ಬಾಗಿಲಲ್ಲಿ ನಿಂತು ಟೋಪಿ ತೆಗೆದಾಗ ಕೂದಲೆಂದರೆ ಕೂದಲಲ್ಲ, ನೆನೆದು ಒಣಗಿದ ಕಂಬಳಿ, ಕತ್ತಿನಿಂದ ಸೊಂಟದವರೆಗೆ ಒಂದೇ ಉಂಡೆ, ಅಮ್ಮ ನಾಲ್ಕು ಗಂಟೆಗೆ ಪಾರ್ಲರಿಗೆ ಕರ್ಕೊಂಡ್ ಹೋಗ್ತಾಳೆ ಮಿಸ್ ವರ್ನಾ, ಬೋಳಿಸ್ತಾರಂತೆ, ಬೇರೆ ದಾರಿನೇ ಇಲ್ವಂತೆ. ಇಲ್ಲವಂತೆ, ಹೇಳುವವರಿಗೇನು, ಅವರು ಕೂದಲು ಕತ್ತರಿಸಲು ಕಲಿತವರು, ಬಿಡಿಸಲು ಕಲಿತವರಲ್ಲ.

ಬಾಲದ ಗಂಟು ಸಡಿಲಿಸುವ ಎಣ್ಣೆಬಾಟಲಿಯಿಂದ ಪುಸ್ ಪುಸ್ ಎಂದು ಮತ್ತೆ ಎರಡು ಸಲ, ತುದಿಗೆ ಮಾತ್ರ, ಸ್ವಲ್ಪ ಕಾಯಬೇಕು, ಕಾಯುವುದೇ ಅರ್ಧ ಕೆಲಸ. ಮೇಲಿಂದ ಬಾಚಿದರೆ ಗಂಟು ಗಂಟನ್ನು ತಳ್ಳಿಕೊಂಡು ಹೋಗಿ ಕೆಳಗೆ ಕಲ್ಲಾಗುತ್ತದೆ, ಕೆಳಗಿಂದ ಮೇಲೆ ಹೋಗಬೇಕು, ಬಾಚಣಿಗೆ ಮುಟ್ಟಿಸಬಾರದು, ಎಳೆ ಎಳೆಯಾಗಿ ಬೆರಳಿನಿಂದ, ಬಾಲದ ಒಂದು ಕೂದಲು ನೆಲ ಮುಟ್ಟಲು ಏಳು ವರ್ಷ, ಕತ್ತರಿಗೆ ಒಂದು ಚಿಟಿಕೆ ಹೊಡೆಯುವಷ್ಟು ಹೊತ್ತು. ಬಾಟಲಿಯ ಮೇಲೆ ಕುದುರೆಯ ಚಿತ್ರ, ಕೆಳಗೆ ಪ್ರಾಣಿಗಳಿಗೆ ಮಾತ್ರ ಎಂದು ಸಣ್ಣ ಅಕ್ಷರ, ಆ ಅಕ್ಷರ ಬರೆದವನು ವರ್ನಾಳ ತಲೆ ನೋಡಿಲ್ಲ, ಅರವತ್ತೊಂದು ವರ್ಷಕ್ಕೆ ಹಗ್ಗದಷ್ಟು ದಪ್ಪ ಜಡೆ, ಮೂವತ್ತು ವರ್ಷದಿಂದ ಕುದುರೆಯ ಶಾಂಪೂ, ಕುದುರೆಯ ಎಣ್ಣೆ, ಅಂಗಡಿಯವನು ಪ್ರತಿ ಸಲ ಕೇಳುತ್ತಾನೆ, ಮನೇಲಿ ಎಷ್ಟು ಕುದುರೆ ಸಾಕಿದೀರಿ ಮಿಸ್ ವರ್ನಾ, ಒಂದೇ ಕಣಪ್ಪ, ವಯಸ್ಸಾಗಿದೆ, ಸಿಟ್ಟು ಜಾಸ್ತಿ. ಹುಡುಗಿಯ ತಾಯಿ ಡಾರ್ಲಾ ಹತ್ತು ಗಂಟೆಗೆ ಬಂದು ಬಾಗಿಲಲ್ಲೇ ಮೂಗು ಹಿಡಿದು ನಿಂತಳಲ್ಲ, ಏನ್ರೀ ಇದು, ನನ್ನ ಮಗಳೇನು ಕುದುರೆನಾ, ಅಯ್ಯೋ ಮೇಡಂ, ಕುದುರೆಗೆ ಅಷ್ಟು ಬೆಲೆ ಇದೆ ಅಂತ್ಲೇ ಇದನ್ನ ಮಾಡಿರೋದು, ನಿಮ್ಮ ಪಾರ್ಲರ್ ನೊರೆ ಅದಕ್ಕೆ ಹಾಕಿದ್ರೆ ಕಂಬಕ್ಕೆ ತುರಿಸ್ಕೊಂಡು ಕಂಬ ಬೀಳಿಸತ್ತೆ. ಹುಡುಗಿ ಆಗ ನಕ್ಕಳು. ಕುದುರೆಯಿಂದ ಬಿದ್ದ ಮೇಲೆ ಆರು ವಾರದಲ್ಲಿ ಮೊದಲ ಸಲ ಆ ಭುಜ ಅಲುಗಿದ್ದು ಬೆರಳಿಗೆ ತಿಳಿಯಿತು, ಡಾರ್ಲಾಗೂ ಕಂಡಿತೇನೋ, ನಾಲ್ಕರವರೆಗೆ ಟೈಮಿದೆ ನಿಮಗೆ ಎಂದು ಹೊರಟುಹೋದಳು. ಈಗ ಎರಡೂವರೆ, ಸೊಂಟದಿಂದ ಭುಜದವರೆಗೆ ಬಿಟ್ಟಿದೆ, ಜೇನಿನ ಬಣ್ಣ, ಇನ್ನು ಉಳಿದಿರುವುದು ಕತ್ತಿನ ಹತ್ತಿರದ್ದು, ಅದೇ ಗಟ್ಟಿ.

ಎದುರಿನ ಮೊಳೆಯಲ್ಲಿ ಕೆಂಪು ರಿಬ್ಬನ್. ಕರ್ನಲ್ ಎಂಬ ಆ ಮುದಿ ಗಂಡುಕುದುರೆಯದು, ಒದೆಯುವ ಚಾಳಿ ಅದಕ್ಕೆ, ಒದೆಯುವ ಕುದುರೆಯ ಬಾಲಕ್ಕೆ ಕೆಂಪು ಕಟ್ಟಬೇಕು, ಅದನ್ನು ಕಂಡರೆ ಯಾರೂ ಹಿಂದೆ ಸುಳಿಯಬಾರದು, ಎರಡು ಕುದುರೆಯುದ್ದ ದೂರ, ಲಾಯಕ್ಕೆ ಕೆಲಸಕ್ಕೆ ಬಂದ ಎಲ್ಲರಿಗೂ ಮೊದಲ ದಿನ ಅವಳು ಹೇಳುವ ಎರಡು ಮಾತಿನಲ್ಲಿ ಇದು ಒಂದು. ಇನ್ನೊಂದು — ಪುಸ್ — ಇನ್ನೊಂದು ಈ ಬಾಟಲಿಯದು, ಬಾಲಕ್ಕೆ ಹಾಕಿ, ಕತ್ತಿನ ಅಯಾಲಿಗೆ ಹಾಕಿ, ಹೊಟ್ಟೆಗೆ ಬೇಕಾದರೂ ಹಾಕಿ, ಬೆನ್ನಿಗೆ ಮಾತ್ರ ಹಾಕಬೇಡಿ, ಜೀನು ಜಾರುತ್ತದೆ. ಎಷ್ಟು ಜನಕ್ಕೆ ಹೇಳಿದ್ದಾಳೆ, ಹೇಳುವುದು ಶಾಸ್ತ್ರ ತಿನ್ನುವುದು ಬದನೆಕಾಯಿ, ಆರು ವಾರದ ಹಿಂದೆ ಫೋಟೋದವನು ಬಂದಿದ್ದ, ಹುಡುಗಿ ಹತ್ತುವ ಹೆಣ್ಣುಕುದುರೆ ಜಿಂಜರ್‌ಳನ್ನು ಬರಿಮೈಯಲ್ಲಿ ಬಿಸಿಲಿಗೆ ನಿಲ್ಲಿಸಿ, ಇನ್ನೂ ಹೊಳೀಬೇಕು ಮಿಸ್ ವರ್ನಾ, ಇನ್ನೂ, ಹೊಳೀಬೇಕಾ ತಗೋ ಎಂದು ಕಿವಿಯಿಂದ ಬಾಲದವರೆಗೆ ಹೊಡೆದಳು, ಬೆನ್ನು ಎಣ್ಣೆ ಸವರಿದ ತಾಮ್ರದಂತೆ ಹೊಳೆಯಿತು, ಹೊಗಳಿಕೆ ಬೇಕಿತ್ತು ಅವಳಿಗೆ, ಸುಳ್ಳೇಕೆ. ಫೋಟೋ ಆಯಿತು, ಅವನೊಡನೆ ಮಾತಿಗೆ ನಿಂತಳು, ಹುಡುಗಿ ಜೀನು ತಂದಳು, ಒಂದೇ ಒಂದು ರೌಂಡು ಮಿಸ್ ವರ್ನಾ, ಮಾತಿನ ಭರದಲ್ಲಿ ಬೆನ್ನಿನದು ಮರೆತು ಹೂಂ ಹೋಗು ಅಂದಳು, ಹೊಟ್ಟೆಪಟ್ಟಿ ಬಿಗಿದಿದ್ದನ್ನು ಕಣ್ಣಾರೆ ನೋಡಿದಳು, ಎರಡು ತೂತು ಮೇಲಕ್ಕೆ, ಕುದುರೆ ಉಸಿರು ಬಿಟ್ಟ ಮೇಲೆ ಇನ್ನೊಂದು, ತಾನೇ ಕಲಿಸಿದ್ದು. ತಿರುವಿನಲ್ಲಿ ಜೀನು ಹೊಟ್ಟೆಯ ಅಡಿಗೆ ಹೋಯಿತು.

ಹೆಗಲ ಮೂಳೆ ಮುರಿಯಿತು, ತಲೆಗೆ ಪೆಟ್ಟು, ಆ ಬೆಳಗಿನದೇನೂ ಹುಡುಗಿಗೆ ನೆನಪಿಲ್ಲ. ರಾಯ್ಸ್‌ಗೆ ಬೇರೆ ಕಾರಣ ಹುಡುಕಬೇಕೆನಿಸಲಿಲ್ಲ, ಪಟ್ಟಿ ಬಿಗಿಯೋಕೆ ಬರ್ದೇ ಇರೋಳು ಕುದುರೆ ಹತ್ತೋದು ಬೇಡ ಅಂದ, ಹೆದರಿದ ಅಪ್ಪ ಬೈಯುವ ಹಾಗೆ ಬೈದ, ಆಮೇಲೆ ಆ ಮಾತೇ ಗಟ್ಟಿಯಾಗಿ ಉಳಿಯಿತು, ಈ ಶನಿವಾರ ಜಿಂಜರ್‌ಳನ್ನು ನೋಡಲು ಒಹಾಯೋದಿಂದ ಜನ ಬರುತ್ತಾರೆ, ಕೊಳ್ಳುತ್ತಾರೆ. ಮತ್ತೆ ವರ್ನಾ ಏನು ಮಾಡಿದಳು, ಅಂದು ಸಂಜೆ ಆ ಕುದುರೆಯ ಬೆನ್ನಿಗೆ ಮೂರು ಸಲ ಸೋಪು ಹಾಕಿ ತೊಳೆದಳು, ಯಾರೂ ಕೇಳಲಿಲ್ಲ, ಮಾರನೆಯ ದಿನದಿಂದ ಮುಸುಕಿನ ಜೋಳದ ರೊಟ್ಟಿ, ಹುರುಳಿಕಾಯಿ ಸೂಪು, ದಿನವೂ ಹುಡುಗಿಯ ಮಂಚದ ಪಕ್ಕಕ್ಕೆ. ಆನೆಯಂಥದ್ದೂ ಮುಗ್ಗರಿಸುತ್ತದೆ, ಸರಿ, ಮುಗ್ಗರಿಸಿದ ಆನೆ ಮಣ್ಣು ಒರೆಸಿಕೊಂಡು ಪಕ್ಕದವರ ಮೇಲೆ ಹಾಕುವುದಿಲ್ಲ. ಹೇಳಿದರೆ ಏನಾಗುತ್ತದೆ, ರಾಯ್ಸ್ ಕಳಿಸಿಬಿಡುತ್ತಾನೆ, ಕಳಿಸಲಿ, ಇಂಥ ಕೈಗೆ ಈ ರಸ್ತೆಯಲ್ಲೇ ಹತ್ತು ಲಾಯ ಕಾಯುತ್ತಿವೆ, ಅದಕ್ಕೆ ಅವಳು ಹೆದರುವುದಿಲ್ಲ, ನಿಜವಾಗಿ ಇಲ್ಲ — ಹೆದರಿಕೆ ಇರುವುದು ಈ ಭುಜಕ್ಕೆ, ಬೆರಳ ಕೆಳಗೆ ಇಷ್ಟು ನಂಬಿ ಕೂತಿರುವ ಈ ಕತ್ತಿಗೆ. ಕೆಂಪು ರಿಬ್ಬನ್, ಗಾಳಿಗೆ ಒಮ್ಮೆ ತಿರುಗಿ ನಿಂತಿತು, ಆ ದಿನ ಅದನ್ನು ತನ್ನ ಬೆನ್ನಿಗೇ ಕಟ್ಟಿಕೊಳ್ಳಬೇಕಿತ್ತು.

ಮಿಸ್ ವರ್ನಾ, ಬಿಡಿ, ಕತ್ತರಿಸ್ಲಿ, ಹುಡುಗಿ ಅಂದಳು, ಕೈ ನೋಯ್ತಿರ್ಬೇಕು ನಿಮ್ಗೆ. ನನ್ನ ಕೈಯಾ, ನೀನು ಹುಟ್ಟೋ ಮುಂಚೆ ನೋಯೋದು ಬಿಟ್ಟಿದೆ ಕಣೆ, ಸುಮ್ನೆ ಕೂತ್ಕೋ. ಬೇಕಂತ್ಲೇ ಬಾಚ್ಕೊಳ್ಲಿಲ್ಲ ನಾನು, ಹುಡುಗಿ ಗೋಡೆಗೆ ಹೇಳುವ ಹಾಗೆ ಅಂದಳು, ಅಮ್ಮನಿಗೂ ಮುಟ್ಟೋಕೆ ಬಿಡ್ಲಿಲ್ಲ, ನಂಗೆ ಚಂದ ಕಾಣೋ ಹಕ್ಕಿಲ್ಲ ಅನ್ನಿಸ್ತು, ಜಿಂಜರ್ ಕಾಲು ಮುರ್ಕೊಂಡಿದ್ರೆ ಏನ್ ಮಾಡ್ತಿದ್ರು ಹೇಳಿ, ಗುಂಡು ಹೊಡ್ದು ಸಾಯಿಸ್ತಿದ್ರು, ನನ್ನಿಂದ. ನನ್ನಿಂದ ಎಂದಳು, ಎಷ್ಟು ಮೆಲ್ಲಗೆ, ಆರು ವಾರ ಬಾಯಿಪಾಠ ಮಾಡಿದವಳ ಹಾಗೆ. ಗಂಟಿನೊಳಗೆ ಬೆರಳು, ಇದು ಸಡಿಲವಾಗುತ್ತಿದೆ, ಇನ್ನೊಂದು ಎಳೆ, ಇನ್ನೊಂದು, ಹುಡುಗಿ ಬಲಗೈಯನ್ನು ಹಿಂದಕ್ಕೆ ತಂದು ಬಿಡಿಸಿದ ಕೂದಲನ್ನು ಹಿಡಿದು ನೋಡಿದಳು, ಕೂದಲು ಮುಷ್ಟಿಯಿಂದ ಸರಕ್ಕನೆ ಹೋಯಿತು, ಮತ್ತೆ ಹಿಡಿದಳು, ಮತ್ತೆ ಹೋಯಿತು, ಅಬ್ಬಾ, ಎಷ್ಟು ಜಾರತ್ತೆ ಇದು.

ಜಾರುತ್ತದೆ. ಜಾರಲೆಂದೇ ಮಾಡಿದ್ದು. ಬಾಟಲಿಯನ್ನು ಕೆಳಗಿಟ್ಟಳು, ಇಟ್ಟ ಸದ್ದು ಜೋರಾಯಿತು, ಪಟ್ಟಿ ನೀನು ಸರಿಯಾಗೇ ಬಿಗಿದಿದ್ದೆ ಪುಟ್ಟಿ, ಮೂರು ತೂತು, ನಾನು ನೋಡಿದೀನಿ, ಬೆನ್ನಿಗೆ ಇದನ್ನ ಹಾಕಿದ್ದು ನಾನು, ಫೋಟೋಗೆ ಅಂತ, ಆಮೇಲೆ ತೊಳೆದು ಬಾಯಿ ಮುಚ್ಕೊಂಡಿದ್ದೂ ನಾನೇ. ತನ್ನದೇ ದನಿ, ನಡುಗಲಿಲ್ಲ, ಕುದುರೆಗೆ ಸೂಜಿ ಚುಚ್ಚುವಾಗಲೂ ನಡುಗಿದ್ದಿಲ್ಲ. ಹೊಸ್ತಿಲಿನ ಗುಬ್ಬಿ ಹೋಗಿದೆ. ಹುಡುಗಿ ತಿರುಗಲಿಲ್ಲ. ಆರು ವಾರ, ಮಿಸ್ ವರ್ನಾ. ಹೂಂ. ದಿನಾ ಸೂಪು ತರ್ತಿದ್ರಿ. ಹೂಂ. ನಾನು ನಿಮ್ ಮುಂದೇನೇ ಅತ್ತಿದೀನಿ, ನಂದೇ ತಪ್ಪು ಅಂತ. ಕ್ಷಮಿಸು ಎಂಬ ಮಾತು ಇತ್ತು ಎಲ್ಲೋ, ಅದನ್ನೂ ಅಂದಳು, ಅಂದದ್ದು ಸಣ್ಣದಾಗಿ ಕೇಳಿತು. ಮುಗಿಸಿ, ಹುಡುಗಿ ಅಂದಳು, ಶುರು ಮಾಡಿದ್ದನ್ನ ಮುಗಿಸಿ.

ಮುಗಿಸಿದಳು, ಕೈಗೆ ದುಃಖವಿಲ್ಲ, ಕೈ ತನ್ನ ಕೆಲಸ ತಾನು ಮಾಡುತ್ತದೆ, ಕೊನೆಯ ಗಂಟು ಕಿವಿಯ ಹಿಂದೆ ಹತ್ತಿಯ ಹಾಗೆ ಬಿಟ್ಟುಕೊಂಡಿತು, ಒಂದು ಎಳೆಯೂ ತುಂಡಾಗಲಿಲ್ಲ, ನಾಲ್ಕಕ್ಕೆ ಇನ್ನೂ ಹದಿನೈದು ನಿಮಿಷ, ಮೂರು ಕಾಲು ಮಾಡಿ ಸೊಂಟದವರೆಗೆ ಹೆಣೆದಳು, ಈ ಜಿಲ್ಲೆಯಲ್ಲಿ ಇಂಥ ಜಡೆ ಇನ್ನೊಂದಿಲ್ಲ, ಆಗಲೂ ಹಾಗೆ ಅನ್ನಿಸಿತು, ನಾಚಿಕೆಯಾಗಬೇಕು, ಅನ್ನಿಸಿತು. ರಬ್ಬರ್ ಬೇಡ, ಹುಡುಗಿ ಅಂದಳು, ಅದನ್ನ ಕಟ್ಟಿ. ಯಾವುದನ್ನು ಎಂದು ಕೇಳಬೇಕಾಗಿರಲಿಲ್ಲ, ಬಲಗೈ ಮೊಳೆಯ ಕಡೆಗೆ ಚಾಚಿತ್ತು. ಕಟ್ಟಿದಳು, ಎರಡು ಸುತ್ತು, ಒಂದು ಗಂಟು. ಹುಡುಗಿ ಎದ್ದಳು, ಅಪ್ಪ ಕುದುರೆ ಓಡಿಸೋ ರಿಂಗ್ ಹತ್ರ ಇದಾನೆ, ಅವನಿಗೆ ನೀವೇ ಹೇಳ್ಬೇಕು, ಬನ್ನಿ, ಆದ್ರೆ ಹತ್ರ ಬರ್ಬೇಡಿ. ಆರು ವಾರದ ಮೇಲೆ ಅವಳು ಟೋಪಿಯಿಲ್ಲದೆ ಬಿಸಿಲಿಗೆ ಕಾಲಿಟ್ಟಳು, ಬೆನ್ನು ನೆಟ್ಟಗೆ, ಜಿಂಜರ್‌ಳ ಬಾಗಿಲ ಮುಂದೆ ಒಂದು ಕ್ಷಣ ನಿಂತು ಮೂಗು ಸವರಿ ಮುಂದೆ ಹೋದಳು, ವರ್ನಾ ಹಿಂದೆ, ಹೇಳುತ್ತೇನೆ, ಎಲ್ಲ ಹೇಳುತ್ತೇನೆ, ಮೊದಲು ಫೋಟೋ, ಆಮೇಲೆ ಬಾಟಲಿ, ಆಮೇಲೆ ಸೋಪು, ಎಷ್ಟು ದೂರ ಬಿಡಬೇಕೆಂದು ಅವಳಿಗೆ ಯಾರೂ ಕಲಿಸಬೇಕಿಲ್ಲ, ಎರಡು ಕುದುರೆಯುದ್ದ, ಒಂದು ಹೆಜ್ಜೆ ಹೆಚ್ಚಲ್ಲ ಕಡಿಮೆಯಲ್ಲ, ಮುಂದೆ ಜಡೆ ಎಡಕ್ಕೆ, ಬಲಕ್ಕೆ, ಅದರ ತುದಿಯಲ್ಲಿ ಕೆಂಪು, ಎಡಕ್ಕೆ, ಬಲಕ್ಕೆ, ಕೆಂಪು ರಿಬ್ಬನ್, ಕೆಂಪು