ಅಗ್ಗದ ವಿಮಾನದಲ್ಲಿ ಐವರು

ಬೇಕರಿಯವನ ಹುಬ್ಬಿನಲ್ಲಿ ಹಿಟ್ಟು, ಎಡಗಡೆಯದರಲ್ಲಿ ಮಾತ್ರ, ಒರೆಸಿಕೊಳ್ಳಿ ಅನ್ನಲೇ ಬೇಡವೇ, ಕಣ್ಣು ಪರೀಕ್ಷೆಯ ಈ ದಪ್ಪ ಚೌಕಟ್ಟು ಮೂಗಿನ ಮೇಲೆ ಕೂತಾಗ ಯಾವ ಮನುಷ್ಯನೂ ಗಂಭೀರವಾಗಿ ಕಾಣುವುದಿಲ್ಲ, ಗೂಬೆಯ ಹಾಗೆ ಗೋಡೆಯ ಅಕ್ಷರಗಳನ್ನು ದಿಟ್ಟಿಸುತ್ತಾನೆ, ನಾನು ಒಂದು ಗಾಜು ತೆಗೆದು ಇನ್ನೊಂದು ಇಡುತ್ತೇನೆ, ಇದು ಚೆನ್ನಾಗಿದೆಯಾ, ಇದಾ, ಎರಡೂ ಒಂದೇ ಥರ ಕಾಣ್ಸುತ್ತೆ ಮೇಡಂ ಅನ್ನುತ್ತಾನೆ, ಎಲ್ಲರೂ ಹಾಗೇ ಅನ್ನುತ್ತಾರೆ, ಆದರೆ ಎರಡೂ ಒಂದೇ ಥರ ಇರುವುದಿಲ್ಲ, ಒಂದು ಯಾವಾಗಲೂ ಕೂದಲೆಳೆಯಷ್ಟು ಸರಿ ಇರುತ್ತದೆ, ಅವಸರ ಮಾಡಬಾರದು ಅಷ್ಟೆ — ಅವಸರ ಮಾಡಬಾರದು ಅನ್ನುವವಳು ನಾನೇ, ಅಲ್ಲಿ ಮೇಜಿನ ಮೇಲೆ ನನ್ನ ಫೋನು, ಅದರೊಳಗೆ ರಜೆಗೆ ಹಿಮದ ಬೆಟ್ಟದ ಕಡೆ ಹೋಗುವ ಎರಡು ವಿಮಾನ, ಅಂಗಡಿ ಬಾಗಿಲು ತೆಗೆದಾಗಿನಿಂದ ನನ್ನನ್ನೇ ಕೇಳುತ್ತಿವೆ, ಇದಾ, ಇದಾ. ಒಂದು ಒಳ್ಳೆಯ ವಿಮಾನ, ಊಟ ಕೊಡುತ್ತದೆ, ಕಾಲು ಚಾಚಲು ಜಾಗ ಕೊಡುತ್ತದೆ, ಮನೆಮಂದಿಯನ್ನು ಒಟ್ಟಿಗೆ ಕೂರಿಸುತ್ತದೆ, ನಮ್ಮ ಕೈಯಲ್ಲಿರುವ ದುಡ್ಡಿಗೆ ಅದರಲ್ಲಿ ನಾಲ್ವರು ಹೋಗಬಹುದು. ಇನ್ನೊಂದು ಅಗ್ಗದ್ದು, ಒಂದು ಲೋಟ ನೀರೂ ಪುಕ್ಕಟೆ ಇಲ್ಲ, ಸೀಟು ಹಿಂದಕ್ಕೆ ಬಾಗುವುದಿಲ್ಲ, ಯಾರನ್ನು ಎಲ್ಲಿ ಬೇಕಾದರೂ ಎತ್ತಿ ಹಾಕುತ್ತಾರೆ, ಆದರೆ ಅದರಲ್ಲಿ ಐವರು. ಮನೆಯಲ್ಲಿರುವುದೂ ಐವರೇ. ಹಾಗಾದರೆ ಯೋಚಿಸಲು ಏನಿದೆ ಎಂದು ಯಾರಾದರೂ ಕೇಳಬಹುದು, ಇದೆ, ಐದನೆಯವರು ತಾವು ಬರುವುದೇ ಇಲ್ಲ ಎಂದು ಕೂತಿದ್ದಾರೆ.

ಐದನೆಯವರು ನನ್ನ ಗಂಡನ ಮೊದಲ ಹೆಂಡತಿಯ ತಾಯಿ. ಈ ಸಂಬಂಧಕ್ಕೆ ನಮ್ಮ ಭಾಷೆಯಲ್ಲಿ ಒಂದು ಮರ್ಯಾದೆಯ ಪದವಿಲ್ಲ, ಹುಡುಕಿದ್ದೇನೆ, ಸವತಿಯ ತಾಯಿ ಅನ್ನಬಹುದು, ಅಂದರೆ ಕೇಳಿದವರು ಜಗಳಕ್ಕೆ ಕಾಯುತ್ತಾರೆ, ಹಾಗಾಗಿ ಆ ಮೊದಲನೆಯವಳ ಇಬ್ಬರು ಹೆಣ್ಣುಮಕ್ಕಳಿಗೆ ಅಜ್ಜಿ, ನನಗೆ ಅಮ್ಮ. ನಿನ್ನೆ ಸಂಜೆ ಊಟದ ಮೇಜಿನ ತುದಿಯಲ್ಲಿ ಕೂತು ಚಿಕ್ಕವಳ ಕಾಲುಚೀಲ ಹೊಲಿಯುತ್ತಾ, ತಲೆ ಎತ್ತದೆ, ಹವಾಮಾನದ ಸುದ್ದಿ ಹೇಳುವಷ್ಟು ಸಲೀಸಾಗಿ ಅಂದರು, ನಾನು ಮನೆ ನೋಡ್ಕೊಂಡಿರ್ತೀನಿ, ನೀವು ನಾಲ್ಕು ಜನ ಒಳ್ಳೇ ವಿಮಾನದಲ್ಲಿ ಹೋಗ್ಬನ್ನಿ, ಈ ಸೊಂಟ ಹೊತ್ಕೊಂಡು ನಾನೆಲ್ಲಿ ಬೆಟ್ಟ ಹತ್ಲಿ. ದೊಡ್ಡವಳು ತಟ್ಟೆ ಬಿಟ್ಟು ಎದ್ದಳು, ಅಜ್ಜಿ ಬರ್ದಿದ್ರೆ ನಾನೂ ಬರಲ್ಲ, ಚಿಕ್ಕವಳು ಮಾತ್ರ ವ್ಯಾಪಾರಕ್ಕೇ ಇಳಿದಳು, ಅಜ್ಜೀ ಹಿಮ ಮುಟ್ಬೇಕು ಅಂತ ನೀವೇ ಹೇಳಿದ್ರಿ, ನಾನ್ಯಾವಾಗ ಹೇಳಿದೆ, ಹೇಳಿದ್ರಿ, ಫ್ರಿಜ್ಜು ಒರೆಸ್ತಾ ಹೇಳಿದ್ರಿ. ನನ್ನ ಗಂಡ ನನ್ನ ಮುಖ ನೋಡಿದರು. ಅವರದು ಹಲ್ಲಿನ ಸೆಟ್ಟು ಮಾಡುವ ಕೆಲಸ, ಇಡೀ ದಿನ ಅಚ್ಚುಗಳ ಬಾಯಿ ತೆರೆಸಿ ತೆರೆಸಿ ತಮ್ಮ ಬಾಯಿ ಮುಚ್ಚಿಯೇ ಇರುತ್ತಾರೆ, ನಮ್ಮ ಮನೆಯಲ್ಲಿ ಕಣ್ಣು ನನ್ನದು, ಹಲ್ಲು ಅವರದು, ನಾಲಿಗೆ ಪೂರ್ತಿ ಅಮ್ಮನದು. ನೀನು ಹೇಗೆ ಹೇಳ್ತೀಯೋ ಹಾಗೆ ಅಂದರು. ಎಷ್ಟು ಒಳ್ಳೆಯ ಮಾತು, ಎಷ್ಟು ಭಾರದ ಮಾತು, ಅಮ್ಮನ ಸೂಜಿ ಒಂದು ಕ್ಷಣ ನಿಂತದ್ದನ್ನು ನಾನು ನೋಡಿದೆ, ಮತ್ತೆ ನಡೆಯಿತು.

ಬೆಳಿಗ್ಗೆ ಷಟರ್ ಎತ್ತುವಾಗಲೇ ನನ್ನ ಅಕ್ಕನ ಫೋನು, ಒಂದು ಕೈಯಲ್ಲಿ ಷಟರು, ಭುಜ ಕಿವಿಯ ನಡುವೆ ಅಕ್ಕ, ಇದಕ್ಕಿಂತ ಒಳ್ಳೇ ಕಾಲ ಯಾವಾಗ ಬರುತ್ತೆ ಹೇಳು, ತಾನಾಗಿ ತಾನೇ ಬರಲ್ಲ ಅಂತಿದೆ ಮುದುಕಿ, ಸುಮ್ನೆ ಸರಿ ಅಂದ್ಬಿಡು, ಒಂದ್ಸಲನಾದ್ರೂ ನಿನ್ನ ಸಂಸಾರ ನಿಂದಾಗ್ಲಿ, ನಾಲ್ಕು ಸೀಟು ಒಂದೇ ಸಾಲು, ಫೋಟೋದಲ್ಲಿ ನೀವ್ ನೀವೇ. ಅಕ್ಕ ನನ್ನ ಒಳ್ಳೆಯದಕ್ಕೇ ಹೇಳುತ್ತಾಳೆ, ಅವಳ ಒಳ್ಳೆಯದಕ್ಕೆ ಯಾವಾಗಲೂ ಸ್ವಲ್ಪ ಖಾರ ಜಾಸ್ತಿ. ಮತ್ತು ಆಸೆ ಆಗಲಿಲ್ಲ ಎಂದು ಯಾಕೆ ಹೇಳಲಿ, ಷಟರು ಮೇಲೆ ಹೋಗಿ ಬಡಿಯುವಷ್ಟು ಹೊತ್ತು ನಾನು ಆ ಸಾಲನ್ನು ಕಂಡೆ, ಕಿಟಕಿಗೆ ಚಿಕ್ಕವಳು, ಆಮೇಲೆ ನಾನು, ನನ್ನ ಭುಜಕ್ಕೆ ದೊಡ್ಡವಳ ತಲೆ — ನನ್ನನ್ನು ಏನೆಂದೂ ಕರೆಯದ ದೊಡ್ಡವಳ ತಲೆ, ಕೇಳಿ ಇಲ್ಲಿ ಅನ್ನುತ್ತಾಳೆ, ಅದೇ ನನ್ನ ಹೆಸರು, ಕೇಳಿಲ್ಲಿ, ಚಿಕ್ಕವಳಿಗಾದರೆ ನಾನು ಚಿಕ್ಕಿ, ಮೊದಲು ಚಿಕ್ಕಮ್ಮ ಅನ್ನುತ್ತಿದ್ದಳು, ಓಡಿ ಓಡಿ ಸವೆದು ಚಿಕ್ಕಿ ಆಯಿತು. ಚಂದವಿತ್ತು ಆ ಸಾಲು. ಆದರೆ ಯಾರದೋ ಕನ್ನಡಕ ಹಾಕಿಕೊಂಡು ನೋಡಿದ ಹಾಗಿತ್ತು, ಎಲ್ಲ ದೊಡ್ಡದಾಗಿ ಕಾಣುತ್ತದೆ, ಎರಡು ನಿಮಿಷಕ್ಕೆ ತಲೆ ತಿರುಗುತ್ತದೆ.

ಯಾಕೆಂದರೆ ಆ ಮನೆಗೆ ನನ್ನನ್ನು ಕರೆದುಕೊಂಡು ಹೋದವರೇ ಅಮ್ಮ. ಇದೇ ಅಂಗಡಿ, ಇದೇ ಸ್ಟೂಲು, ಬಂದು ಕೂತು ಕನ್ನಡಕ ಮುಂದಿಟ್ಟರು, ಕೂತ್ಬಿಟ್ಟೆ ಕಣಮ್ಮ ಇದರ ಮೇಲೆ, ಬಲಗಡೆ ಕಡ್ಡಿ ಬಾಗಿತ್ತು, ಸರಿ ಮಾಡಿ ಕೊಟ್ಟೆ. ಮುಂದಿನ ವಾರ ಮತ್ತೆ ಬಂದರು, ಮತ್ತೆ ಕೂತ್ಬಿಟ್ಟೆ, ಅದೇ ಬಲಗಡೆ, ಅದೇ ಜಾಗ, ಆಮೇಲೆ ಮತ್ತೆ, ಮನುಷ್ಯರು ಕನ್ನಡಕದ ಮೇಲೆ ಕೂತರೆ ಅದು ಹೇಗೆ ಹೇಗೋ ಮುರಿಯುತ್ತದೆ, ಇಷ್ಟು ನೀಟಾಗಿ ಒಂದೇ ಕಡೆ ಬಾಗುವುದಕ್ಕೆ ಹೆಬ್ಬೆರಳೇ ಬೇಕು, ನನಗೆ ಗೊತ್ತಾಗಿತ್ತು, ಪಾಪ ಮಾತಿಗೆ ಜನ ಇಲ್ಲವೇನೋ ಅಂದುಕೊಂಡೆ, ಟೀ ತರಿಸಿದೆ. ಅವರೋ ಟೀ ಕುಡಿಯುತ್ತಾ ನನ್ನನ್ನು ಅಳೆಯುತ್ತಿದ್ದರು, ನಾನು ಗಿರಾಕಿಗಳ ಕಣ್ಣಿನ ನಡುವಿನ ಅಂತರ ಅಳೆಯುವ ಹಾಗೆ, ಹಟ ಮಾಡುವ ಮಗುವಿಗೆ ಹೇಗೆ ಫ್ರೇಮು ಹಾಕುತ್ತೇನೆ, ಅಳುವ ಮಗುವಿನ ಅಮ್ಮನಿಗೆ ಏನು ಹೇಳುತ್ತೇನೆ, ಎಲ್ಲವನ್ನೂ, ಬಾಗಿದ ಕನ್ನಡಕವಿಲ್ಲದ ಬರಿಗಣ್ಣಿನಲ್ಲೇ. ಒಂದು ದಿನ ಕೇಳಿದರು, ಮದುವೆ ಆಗಿದ್ಯಾ, ಇಲ್ಲ, ಯಾಕಾಗಿಲ್ಲ, ಯಾರೂ ಕೇಳಲಿಲ್ಲ ಅಂದೆ, ನಕ್ಕು ಅಂದೆ, ಆ ವಯಸ್ಸಿಗೆ ಆ ಪ್ರಶ್ನೆಗೆ ನಗುವುದನ್ನು ಕಲಿತಾಗಿತ್ತು. ನಾನು ಕೇಳ್ತಿದೀನಿ ಅಂದರು. ಲೋಟ ಕೆಳಗಿಟ್ಟು, ಮಗಳು ತೀರ್ಕೊಂಡು ಮೂರು ವರ್ಷ ಆಯ್ತಮ್ಮ, ಅಳಿಯ ಒಳ್ಳೆಯವನು, ಮಾತು ಕಮ್ಮಿ, ಎರಡು ಹೆಣ್ಮಕ್ಕಳು, ನಂಗೆ ವಯಸ್ಸಾಯ್ತು, ಯಾರನ್ನೋ ತರೋಕಿಂತ ನಾನೇ ನೋಡಿ ತರ್ತೀನಿ ಅಂತ ಹೊರಟೆ. ತನ್ನ ಮಗಳ ಜಾಗಕ್ಕೆ ಇನ್ನೊಬ್ಬಳನ್ನು ಹುಡುಕಲು ಒಬ್ಬ ತಾಯಿ ಹೊರಡುವುದು ಎಂದರೆ ಏನು, ಬಾಗಿಲು ದಾಟುವಾಗ ಕಾಲು ಹೇಗೆ ಎತ್ತಿಟ್ಟರು, ಪ್ರತಿ ಸಲ ಆ ಕಡ್ಡಿಯನ್ನು ಬಾಗಿಸುವಾಗ ಏನು ಅಂದುಕೊಂಡರು, ನಾನು ಈವರೆಗೂ ಕೇಳಿಲ್ಲ, ಕೇಳಿದರೆ ಹೋಗೇ ಅನ್ನುತ್ತಾರೆ. ನಾನು ಹೋಗುವ ಮೊದಲೇ ದೊಡ್ಡ ಕೋಣೆ ಖಾಲಿ ಮಾಡಿ ಅಡುಗೆಮನೆ ಪಕ್ಕದ ಪುಟ್ಟ ಕೋಣೆಗೆ ತಮ್ಮ ಮಂಚ ಎಳೆದುಕೊಂಡಿದ್ದರು. ಮೊದಲ ತಿಂಗಳು ಮನೆಯಲ್ಲಿ ಎಲ್ಲರೂ ತುದಿಗಾಲಲ್ಲಿ ನಡೆಯುತ್ತಿದ್ದಾಗ, ಒಂದು ಬೆಳಿಗ್ಗೆ ಪೇಪರು ಬಿಡಿಸಿ ಜೋರಾಗಿ ಓದಿದರು, ನೀರು ಹಂಚಿಕೆಯಲ್ಲಿ ಮಲತಾಯಿ ಧೋರಣೆ, ನೋಡಮ್ಮ ನಿನ್ನ ಸುದ್ದಿ ಬಂದಿದೆ — ನಾನೇ ಮೊದಲು ನಕ್ಕೆ, ಬಾಯಲ್ಲಿದ್ದ ಟೀ ಮೂಗಿಗೆ ಬಂತು, ಆಮೇಲೆ ಚಿಕ್ಕವಳು, ಆಮೇಲೆ ದೊಡ್ಡವಳೂ, ಬಾಯಿಗೆ ಕೈ ಅಡ್ಡ ಹಿಡಿದು. ಅವತ್ತಿನಿಂದ ನಾನು ಆ ಮನೆಯಲ್ಲಿ ಕಾಲು ಪೂರ್ತಿ ಊರಿ ನಡೆದೆ.

ಇವತ್ತು ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವಾಗ ಅಮ್ಮ ಬಾಗಿಲಿಗೆ ಬಂದು ನಿಂತರು, ದನಿ ತಗ್ಗಿಸಿದರು, ಹಾಗೆ ತಗ್ಗಿಸುವ ಅಭ್ಯಾಸವೇ ಇಲ್ಲ ಅವರಿಗೆ. ನೋಡು, ಸೊಂಟ ಗಿಂಟ ಎಲ್ಲ ಸುಳ್ಳು, ನಾನು ಬಂದ್ರೆ ಏನಾಗುತ್ತೆ ಗೊತ್ತಾ, ಚಿಕ್ಕವಳಿಗೆ ವಿಮಾನದಲ್ಲಿ ಕಿವಿ ನೋವು ಬಂದ್ರೆ ಅಜ್ಜೀ ಅಂತಾಳೆ, ದೊಡ್ಡವಳಿಗೆ ಸಿಟ್ಟು ಬಂದ್ರೆ ನನ್ ಪಕ್ಕ ಬಂದು ಕೂರ್ತಾಳೆ, ನಿನ್ನ ಸರದಿನೇ ಬರಲ್ಲ, ಒಂದು ವಾರ ನಾನಿಲ್ದೆ ನಿನ್ ಜೊತೆ ಇದ್ದು ನೋಡ್ಲಿ. ನಾನು ಚೀಲ ಹೆಗಲಿಗೇರಿಸಿ ಬಂದುಬಿಟ್ಟೆ. ಅಕ್ಕ ಹೇಳಿದ್ದೂ ಅದನ್ನೇ, ಅಮ್ಮ ಹೇಳಿದ್ದೂ ಅದನ್ನೇ, ಒಬ್ಬಳು ಅವರನ್ನು ಬದಿಗೆ ಸರಿಸು ಎಂದಳು, ಇನ್ನೊಬ್ಬರು ತಾವೇ ಸರಿಯುತ್ತಿದ್ದಾರೆ, ಕೋಣೆ ಬಿಟ್ಟವರು ಈಗ ಸೀಟೂ ಬಿಡುತ್ತಿದ್ದಾರೆ, ಹೀಗೇ ಸರಿಯುತ್ತಾ ಹೋದರೆ ಮುಂದೆ ಇನ್ನೇನು ಬಿಟ್ಟಾರು — ಮೇಡಂ, ಇದೇ ಇರ್ಲಿ, ಇದು ಸ್ಪಷ್ಟ ಇದೆ, ಬೇಕರಿಯವನು. ಹೌದು, ಇದೇ. ಚೌಕಟ್ಟು ಬಿಚ್ಚಿ ಮುಖ ಉಜ್ಜಿಕೊಳ್ಳುತ್ತಾನೆ, ಹಿಟ್ಟು ಬಲ ಹುಬ್ಬಿಗೂ ಹೋಯಿತು, ಅವನ ಕಣ್ಣು ನನ್ನ ಫೋನಿನ ಮೇಲೆ ಬಿತ್ತು, ಓ ಈ ಅಗ್ಗದ ವಿಮಾನನಾ, ನಾವೂ ಹೋಗಿದ್ವಿ, ಹೆಂಡ್ತಿ ಮನೆಯವರೆಲ್ಲ ಸೇರಿ. ಹೇಗಿತ್ತು ಎಂದು ಕೇಳುತ್ತೇನೆ, ಇಷ್ಟು ಹೊತ್ತೂ ಯಾರನ್ನೂ ಕೇಳಿರಲಿಲ್ಲ. ಹೇಗಿರುತ್ತೆ ಮೇಡಂ, ಮೊಣಕಾಲು ಗದ್ದಕ್ಕೆ ಬಡೀತಿತ್ತು, ಹೊರಟಿದ್ದೇ ಎರಡು ಗಂಟೆ ಲೇಟು, ಒಬ್ಬೊಬ್ರು ಒಂದೊಂದು ಮೂಲೇಲಿ, ನನ್ ಪಕ್ಕ ಯಾರೋ ಪುಣ್ಯಾತ್ಮ ಪೂರ್ತಿ ಗೊರಕೆ. ಆಮೇಲೆ? ಆಮೇಲೇನು, ಇಳಿದ್ವಿ, ಎಣಿಸಿದ್ವಿ, ಎಲ್ಲರೂ ಇದ್ರು. ಅಷ್ಟು ಹೇಳಿ ಅವನು ಫ್ರೇಮುಗಳ ಕಡೆ ತಿರುಗಿದ, ಕಪ್ಪು ಬೇಡ, ನನ್ ಮಗ ಬಯ್ತಾನೆ ಅನ್ನುತ್ತಾನೆ, ನನ್ನ ಕಿವಿಯಲ್ಲಿ ಮಾತ್ರ ಎಣಿಸಿದ್ವಿ, ಎಲ್ಲರೂ ಇದ್ರು. ಇದಕ್ಕಿಂತ ದೊಡ್ಡ ಸುಖದ ಪ್ರಯಾಣ ಯಾವುದಿದೆ, ನಮ್ಮ ಮನೆಯಲ್ಲಿ ಒಂದು ಸಲ ಎಣಿಸಿದಾಗ ಒಬ್ಬಳು ಇರಲಿಲ್ಲ. ಹೆಬ್ಬೆರಳು ಒತ್ತಿತು. ಐದು. ಈ ಟಿಕೆಟ್ ರದ್ದು ಮಾಡಿದರೆ ಹಣ ಹಿಂದಿರುಗಿಸಲಾಗುವುದಿಲ್ಲ, ಒಪ್ಪಿಗೆಯೇ ಎಂದು ಕೇಳಿತು, ಎಂಥ ಒಪ್ಪಿಗೆ, ಕೈ ಮುಗಿಯುವಷ್ಟು ಒಪ್ಪಿಗೆ, ಇದೊಂದು ನಿಯಮ ಆ ಒಳ್ಳೆಯ ವಿಮಾನದಲ್ಲಿ ಇರಲಿಲ್ಲ.

ಮನೆಗೆ ಫೋನು ಮಾಡಿದೆ, ಮಕ್ಕಳಿಗೆ ರಜೆ, ಹಿಂದೆ ಟೀವಿಯ ಗದ್ದಲ, ಟಿಕೆಟ್ ಆಯ್ತಮ್ಮ. ನಾಲ್ಕು ತಾನೆ? ಐದು. ಆ ಕಡೆ ಅಮ್ಮ ಟೀವಿ ಆರಿಸಿದರು. ಒಂದನ್ನ ವಾಪಸ್ ಕೊಡು. ಕೊಡೋಕಾಗಲ್ಲ, ದುಡ್ಡು ವಾಪಸ್ ಬರಲ್ಲ. ಅದ್ಹೇಗೆ ಬರಲ್ಲ, ಯಾರ ಮನೆ ನ್ಯಾಯ ಅದು! ಅವರ ನಿಯಮ ಅಮ್ಮ, ನೀವು ಬರ್ದಿದ್ರೆ ಸೀಟು ಖಾಲಿ ಹೋಗುತ್ತೆ ಅಷ್ಟೆ. ಖಾಲಿ ಹೋಗುತ್ತಾ? ಟೂತ್‌ಪೇಸ್ಟಿನ ಕೊಳವೆಯನ್ನು ಕತ್ತರಿಯಿಂದ ಸೀಳಿ ಒಳಗೋಡೆ ಬಳಿಯುವವರು ಅವರು, ಇಡೀ ಒಂದು ಸೀಟು ಆಕಾಶದಲ್ಲಿ ಖಾಲಿ ಹೋಗುವುದನ್ನು ಅವರ ಕೈಯಲ್ಲಿ ಯೋಚಿಸಲೂ ಆಗುವುದಿಲ್ಲ, ನನಗೆ ಗೊತ್ತು, ಅಳೆದೇ ಹೊಡೆದಿದ್ದೇನೆ. ಬೆಳಿಗ್ಗೆ ಅಷ್ಟು ಹೇಳಿದೆನಲ್ಲ ನಿಂಗೆ, ಮಕ್ಕಳು ನನ್ ಕಡೆನೇ ನೋಡ್ತಾವೆ ಅಂತ. ನೋಡ್ಲಿ ಅಮ್ಮ, ಅಂದೆ, ಆಮೇಲೆ ಅಂದುಕೊಳ್ಳದೇ ಇದ್ದದ್ದು ಬಾಯಿಗೆ ಬಂತು, ನನಗೆ ಕಿವಿ ನೋವು ಬಂದ್ರೆ ನಾನು ಯಾರನ್ನ ಕರೀಲಿ? ನಿಂಗೇನೇ ಬರುತ್ತೆ ಕಿವಿ ನೋವು, ಕತ್ತೆಗಾದಷ್ಟು ವಯಸ್ಸಾಗಿದೆ, ಎಂದು ಟಪ್ಪನೆ ಇಟ್ಟರು. ಇಟ್ಟ ಸದ್ದಿನಲ್ಲೇ ತಿಳಿಯಿತು, ಬರುತ್ತಾರೆ.

ಬೇಕರಿಯವನು ಹೋದ, ಕಂದು ಫ್ರೇಮು, ನಾಳೆ ಸಂಜೆ ಬನ್ನಿ ಅಂದೆ, ಫೋನು ಗುಂಯ್ ಅಂದಿತು, ದೊಡ್ಡವಳು, ನನಗೆ ತಾನಾಗಿ ಏನೂ ಕಳಿಸದವಳು, ಒಂದು ಫೋಟೋ. ನಮ್ಮ ಮನೆಯ ಹಾಲ್. ಊಟದ ಮೇಜಿನ ಕುರ್ಚಿಗಳನ್ನೆಲ್ಲ ತಂದು ಸಾಲಾಗಿ ಇಟ್ಟಿದ್ದಾರೆ, ಸಾಲದ್ದಕ್ಕೆ ಬಚ್ಚಲುಮನೆಯ ಸ್ಟೂಲು, ಐದು, ವಿಮಾನದಲ್ಲಿ ಹೀಗೆ ಇರುವುದಿಲ್ಲ ಮಕ್ಕಳೇ, ಒಬ್ಬೊಬ್ಬರು ಒಂದೊಂದು ಮೂಲೆ, ಇರಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಮ್ಮ, ಸೊಂಟಕ್ಕೆ ಅಳಿಯನ ಬೆಲ್ಟು ಬಿಗಿದಿದ್ದಾರೆ, ಚಿಕ್ಕವಳು ಎದುರು ನಿಂತು ಎರಡೂ ಕೈ ಚಾಚಿ ಏನೋ ವಿವರಿಸುತ್ತಿದ್ದಾಳೆ, ಅಮ್ಮ ಗದ್ದ ಮೇಲೆತ್ತಿ ಕಣ್ಣು ಗಟ್ಟಿ ಮುಚ್ಚಿದ್ದಾರೆ, ಈಗಲೇ ನೆಲ ಬಿಟ್ಟವರ ಹಾಗೆ. ಕೆಳಗೆ ಒಂದು ಸಾಲು, ಅಜ್ಜಿ ಟ್ರೈನಿಂಗ್ ತಗೋತಿದಾರೆ, ಅಲ್ಲಿ ಯಾರನ್ನೂ ಕೂರಕ್ಕೆ ಬಿಡ್ತಿಲ್ಲ, ಅದು ನಿಮ್ಮ ಸೀಟಂತೆ. ಎಲ್ಲಿ ಎಂದು ನೋಡುತ್ತೇನೆ, ಅಮ್ಮನ ಪಕ್ಕದ ಕುರ್ಚಿ, ಖಾಲಿ, ಅದರ ಮೇಲೆ ಅವರ ಎಡಗೈ — ಮೇಡಂ, ಓದೋ ಕನ್ನಡಕ ತೋರಿಸ್ತೀರಾ, ಯಾರೋ ಬಂದಿದ್ದಾರೆ, ಒಂದ್ನಿಮಿಷ, ಕೂತ್ಕೊಳ್ಳಿ — ತುಂಬಿದ ಬಸ್ಸಿನಲ್ಲಿ ಮೊದಲು ಹತ್ತಿದವರು ಹಿಂದೆ ಬರುವವರಿಗೆ ಜಾಗ ಹಿಡಿದಿಡುವ ಹಾಗೆ, ಕಣ್ಣು ಮುಚ್ಚಿಯೇ ಇದೆ, ಬೆರಳುಗಳು ಮಾತ್ರ ಅಗಲವಾಗಿ, ಗಟ್ಟಿಯಾಗಿ, ಖಾಲಿ ಕುರ್ಚಿಯ ಮೇಲೆ ಆ ಕೈ, ಪರದೆ ಕತ್ತಲಾಗುತ್ತದೆ, ಮತ್ತೆ ಮುಟ್ಟುತ್ತೇನೆ, ಆ ಕೈ —