ನಾಲ್ಕು ಜನರ ಪಾಸು

ಶುಕ್ರವಾರ ಸಂಜೆ ಆ ಮನೆಯ ಊಟದ ಮೇಜಿನ ಮೇಲೆ ತಟ್ಟೆಗಳಿಗಿಂತ ಮೊದಲು ಒಂದು ಹಾಳೆ ಬಂದು ಕೂರುತ್ತಿತ್ತು. ಅದರಲ್ಲಿ ಅಡಿಕೋಲಿನಿಂದ ಎಳೆದ ನಾಲ್ಕು ಅಂಕಣಗಳು: ತಾಣ, ಉಚಿತ ಪ್ರವೇಶದ ದಿನ, ಯಾರಿಗೆ ರಿಯಾಯಿತಿ, ಯಾವ ಗುರುತಿನ ಚೀಟಿ ಬೇಕು. ನಾಣ್ಯಗಳ ಸಂಗ್ರಹಾಲಯಕ್ಕೆ ತಿಂಗಳ ಮೊದಲ ಭಾನುವಾರ ಎಲ್ಲರಿಗೂ ಪ್ರವೇಶ ಉಚಿತ. ಕೋಟೆಯ ನೀರಿನ ಸುರಂಗಕ್ಕೆ ಮಧ್ಯಾಹ್ನ ಮೂರರ ಮೇಲೆ ಅರ್ಧ ದರ. ಗಡಿಯಾರ ಗೋಪುರ ಹತ್ತು ವರ್ಷದೊಳಗಿನ ಮಕ್ಕಳಿಗೆ ಉಚಿತ. ಆದರೆ ಮೆಟ್ಟಿಲು ನೂರಾ ಎಂಟು, ಆದ್ದರಿಂದ ಅತ್ತೆಗೆ ಆಗದು.

ಹಾಳೆಯ ಒಡತಿ ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಕೊರೆಯುವ ಕೆಲಸದವಳು. ಗಾಜು ಒಂದೆರಡು ಡಿಗ್ರಿ ಓರೆಯಾಗಿ ಕೂತರೂ ಹಾಕಿಕೊಂಡವರಿಗೆ ತಲೆನೋವು ಬರುತ್ತದೆಂಬುದನ್ನು ಹದಿಮೂರು ವರ್ಷಗಳಿಂದ ಬಲ್ಲವಳು. ಅದೇ ನಿಖರತೆಯಿಂದ ಅವಳು ಮನೆಯವರ ರಜಾದಿನಗಳನ್ನೂ ಅಳೆದು ಕತ್ತರಿಸುತ್ತಿದ್ದಳು. ನೆರೆಹೊರೆಯವರು ಅವಳಿಗಿಟ್ಟ ಹೆಸರು ಪಟ್ಟಿಯಕ್ಕ. ಎದುರಿಗೆ ಕರೆದರೂ ಅವಳಿಗೆ ಬೇಸರವಿರಲಿಲ್ಲ. ಐದು ಜನರ ಟಿಕೆಟ್ಟೆಂದರೆ ವಾರದ ತರಕಾರಿಯೇ ಹೋದಂತೆ. ಆ ಪಟ್ಟಿ ಇಲ್ಲದಿದ್ದರೆ ಮಕ್ಕಳಿಬ್ಬರೂ ಊರಿನ ಹಳೆಯ ಕಟ್ಟಡಗಳನ್ನು ಬಸ್ಸಿನ ಕಿಟಕಿಯಿಂದಷ್ಟೇ ನೋಡಿರುತ್ತಿದ್ದರು.

"ಈ ಭಾನುವಾರ ಅರಮನೆ," ಎಂದು ಅವಳು ಪೆನ್ಸಿಲಿನಿಂದ ಗೆರೆ ಎಳೆದಳು. "ಸೋಮವಾರದಿಂದ ಮೇಲ್ಮಹಡಿ ರಿಪೇರಿಗೆ ಮುಚ್ತಾರೆ. ಎರಡು ವರ್ಷ ತೆಗೆಯಲ್ಲ. ಈ ಸಲ ಅತ್ತೆ ಬರ್ಲೇಬೇಕು."

"ಅಬ್ಬಾ, ಕೊನೆಗೂ ನನ್ನ ಪಾಳಿ ಬಂತು," ಎಂದರು ಅತ್ತೆ, ಮೊಣಕಾಲು ಒತ್ತಿಕೊಳ್ಳುತ್ತಾ. "ನನ್ನ ಹೆಸರು ಆಗ್ಲೇ ಎರಡು ಸಲ ಅರಮನೆ ನೋಡ್ಕೊಂಡು ಬಂದಿದೆ. ನಾನು ಮಾತ್ರ ಇಲ್ಲೇ ಕೂತಿದೀನಿ."

ವೈರಿಂಗ್ ಕೆಲಸದ ಗಂಡ ನಕ್ಕುಬಿಟ್ಟ. ಆದರೆ ಅತ್ತೆಯ ಮಾತಿನಲ್ಲಿ ಸುಳ್ಳಿರಲಿಲ್ಲ. ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಒಂದು ಪಾಸು ಇತ್ತು. ಪುಸ್ತಕದಂತೆಯೇ ಅದನ್ನೂ ಏಳು ದಿನಗಳಿಗೆ ಎರವಲು ಕೊಡುತ್ತಿದ್ದರು. ಅದನ್ನು ತೋರಿಸಿದರೆ ನಾಲ್ಕು ಜನ ಅರಮನೆಯೂ ಸೇರಿದಂತೆ ಐದು ತಾಣಗಳಿಗೆ ಹಣ ಕೊಡದೆ ಹೋಗಬಹುದಿತ್ತು. ಇಡೀ ಊರಿಗೆ ಅದೊಂದೇ ಪಾಸು. ಪಟ್ಟಿಯಕ್ಕ ತನಗೆ, ಗಂಡನಿಗೆ, ಅತ್ತೆಗೆ ಹೀಗೆ ಮೂರು ಗ್ರಂಥಾಲಯ ಕಾರ್ಡುಗಳನ್ನು ಮಾಡಿಸಿ, ಮೂರು ಹೆಸರುಗಳನ್ನೂ ಸರದಿಯಲ್ಲಿ ಬರೆಸಿದ್ದಳು. ಒಂದು ಹೆಸರಿನ ವಾರ ಮುಗಿದರೆ ಆ ಹೆಸರನ್ನೇ ಮತ್ತೆ ಕೊನೆಯಲ್ಲಿ ಸೇರಿಸುತ್ತಿದ್ದಳು. ಅತ್ತೆಯ ಹೆಸರಿನಲ್ಲಿ ಒಮ್ಮೆ ಊರಿಂದ ಬಂದ ನಾದಿನಿ ಅರಮನೆ ನೋಡಿದ್ದಳು. ಇನ್ನೊಮ್ಮೆ ಮಗ ಶಾಲೆಗೆ ಅರಮನೆಯ ಚಿತ್ರ ಬರೆಯಬೇಕೆಂದು ಉಳಿದ ನಾಲ್ವರೂ ಹೋಗಿದ್ದರು.

"ನೀವು ನಾಲ್ಕು ಜನ ಒಳಗೆ ಹೋಗಿ. ನಾನು ಹೊರಗೆ ತೋಟದಲ್ಲಿ ಕೂತಿರ್ತೀನಿ," ಎಂದ ಗಂಡ. "ಅರಮನೆ ಈಗ ನಮ್ಮ ಮನೆ ಪಡಸಾಲೆ ಥರ ಆಗಿದೆ. ಆ ಕಾವಲುಗಾರ ನನ್ನ ನೋಡಿದ್ರೆ ಊಟ ಆಯ್ತಾ ಅಂತ ಕೇಳ್ತಾನೆ."

ಮರುದಿನ ಬೆಳಿಗ್ಗೆ ಪಟ್ಟಿಯಕ್ಕ ಗ್ರಂಥಾಲಯಕ್ಕೆ ಹೋದಳು. ಪಾಸು ಆ ವಾರ ಗಂಡನ ಹೆಸರಿನಲ್ಲಿತ್ತು. ಅದನ್ನು ಹಿಂತಿರುಗಿಸಿ ಅತ್ತೆಯ ಹೆಸರಿನಲ್ಲಿ ಮತ್ತೆ ಪಡೆಯಬೇಕಿತ್ತು. ಪಾಸನ್ನು ಮೇಜಿನ ಮೇಲಿಟ್ಟಳು. ಗ್ರಂಥಪಾಲಕರು ಸರದಿಯ ಪುಸ್ತಕವನ್ನು ಹುಡುಕಲು ಒಳಗೆ ಹೋದರು.

ಅಷ್ಟರಲ್ಲಿ ಒಬ್ಬ ಮನುಷ್ಯ ಹನ್ನೆರಡರ ಆಸುಪಾಸಿನ ಮಗಳೊಂದಿಗೆ ಬಂದು ಮೇಜಿನಿಂದ ಎರಡು ಮಾರು ದೂರದಲ್ಲಿ ನಿಂತ. ಬಸ್ ನಿಲ್ದಾಣದ ಪಕ್ಕ ಕೀಲಿಕೈ ಮಾಡಿಕೊಡುವ ಬೀಗದವನು. ಪಟ್ಟಿಯಕ್ಕನೂ ಒಮ್ಮೆ ಅವನಿಂದ ಕಪಾಟಿನ ಕೀಲಿ ಮಾಡಿಸಿದ್ದಳು. ಅವನು ಮೇಜಿನ ಕಡೆ ನೋಡಲೇ ಇಲ್ಲ. ಗ್ರಂಥಪಾಲಕರ ಕುರ್ಚಿಯ ಹಿಂದಿನ ಗೋಡೆಯಲ್ಲಿದ್ದ ಹಿತ್ತಾಳೆಯ ಕೊಕ್ಕೆಯನ್ನು ನೋಡಿದ. ಅದು ಖಾಲಿಯಿತ್ತು.

"ಇವತ್ತೂ ಇಲ್ಲ ಮಗಾ," ಎಂದ. "ನಡಿ, ಇನ್ನು ಹೋಗೋಣ."

ಉಚಿತ ದಿನಗಳ ವಿಷಯದಲ್ಲಿ ಯಾರಿಗಾದರೂ ನೆರವಾಗುವುದು ಪಟ್ಟಿಯಕ್ಕನಿಗೆ ಹೆಮ್ಮೆಯ ಸಂಗತಿ. "ಏನು ಬೇಕಿತ್ತು ನಿಮ್ಗೆ?" ಎಂದು ಕೇಳಿದಳು.

"ಅರಮನೆ ಪಾಸು ಅಕ್ಕ. ಒಂಬತ್ತು ಶನಿವಾರದಿಂದ ಬರ್ತಿದೀನಿ. ಕೊಕ್ಕೇಲಿ ತೂಗಿರ್ತಾರೆ ಅಂತ ಯಾರೋ ಹೇಳಿದ್ರು. ನಾನು ಬಂದಾಗೆಲ್ಲ ಖಾಲಿ."

ಪುಸ್ತಕ ಹಿಡಿದು ಹೊರಬಂದ ಗ್ರಂಥಪಾಲಕರು ಹಣೆ ಚಚ್ಚಿಕೊಂಡರು. "ಅಯ್ಯೋ ಮಾರಾಯ, ಅದಕ್ಕೆ ಇಲ್ಲಿ ಹೆಸರು ಬರೆಸ್ಬೇಕು! ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗತ್ತೆ. ಕೊಕ್ಕೆಗೆ ಯಾವತ್ತು ಬರತ್ತೆ ಅದು? ನೀನು ಕೇಳ್ಲೇ ಇಲ್ಲವಲ್ಲ!"

"ಖಾಲಿ ಇರೋದು ಕಣ್ಣಿಗೆ ಕಾಣ್ತಿತ್ತಲ್ಲ ಸಾರ್," ಎಂದ ಬೀಗದವನು ಸಂಕೋಚದಿಂದ. "ಕಾಣೋದನ್ನ ಕೇಳಿ ನಿಮ್ಮ ಕೆಲಸ ಯಾಕೆ ಕೆಡಿಸ್ಲಿ ಅಂತ."

ಗ್ರಂಥಪಾಲಕರು ಪುಸ್ತಕವನ್ನು ತೆರೆದು ಅವನ ಕಡೆ ತಿರುಗಿಸಿದರು. ಬೇರೊಬ್ಬರು ಆ ಪುಟ ಓದುವುದನ್ನು ಪಟ್ಟಿಯಕ್ಕ ಕಂಡದ್ದು ಅದೇ ಮೊದಲು. ಕಳೆದ ಎಂಟು ವಾರಗಳಲ್ಲಿ ಐದು ಸಾಲುಗಳು ಒಂದೇ ಕೈಬರಹದಲ್ಲಿದ್ದವು, ಅವಳದೇ ದುಂಡಗಿನ ಅಕ್ಷರಗಳಲ್ಲಿ. ಮುಂದಿನ ಮೂರು ಸಾಲುಗಳಲ್ಲಿ ಎರಡು ಸಹ ಹಾಗೆಯೇ. ಅವುಗಳ ಕೆಳಗೆ ಬೀಗದವನು ತನ್ನ ಹೆಸರನ್ನು ನಿಧಾನವಾಗಿ ಬರೆದ.

"ಇನ್ನೂ ಮೂರು ವಾರ ಆಗತ್ತೆ," ಎಂದರು ಗ್ರಂಥಪಾಲಕರು.

"ಮೇಲ್ಮಹಡಿ ಸೋಮವಾರ ಮುಚ್ತಾರಲ್ವಾ ಸಾರ್?"

"ಹೌದಪ್ಪ. ಕೆಳಗಡೆ ನೋಡ್ಬಹುದು."

"ಇವಳು ನೋಡ್ಬೇಕು ಅಂದಿದ್ದು ಮೇಲಿನ ಖಜಾನೆ ಬಾಗಿಲು," ಎಂದ ಬೀಗದವನು, ಯಾರ ಮೇಲೂ ದೂರಿಲ್ಲದ ದನಿಯಲ್ಲಿ. "ಒಂದೇ ಕೀಲಿ ತಿರುಗಿಸಿದ್ರೆ ಹನ್ನೊಂದು ಅಗುಳಿ ಒಟ್ಟಿಗೆ ಹೊರಗೆ ಬರತ್ತಂತೆ. ನಮ್ಮಪ್ಪ ಹೇಳೋರು. ಅವರೂ ನೋಡಿರ್ಲಿಲ್ಲ. ಇವಳು ಕಾಗದದ ಮೇಲೆ ಹತ್ತು ಥರ ಬರೆದು ನೋಡಿದಾಳೆ, ಹೇಗಿರ್ಬಹುದು ಅಂತ." ಹುಡುಗಿ ತನ್ನ ನೋಟ್‌ಬುಕ್ಕನ್ನು ಬೆನ್ನ ಹಿಂದೆ ಸರಿಸಿಕೊಂಡಳು.

ಅವರಿಬ್ಬರೂ ಹೋದ ಮೇಲೆ ಗ್ರಂಥಪಾಲಕರು ಪಾಸನ್ನು ಪಟ್ಟಿಯಕ್ಕನತ್ತ ತಳ್ಳಿದರು. ಅವಳು ತೆಗೆದುಕೊಳ್ಳದೆ ನಿಂತದ್ದನ್ನು ಕಂಡು, "ನೀವೇನೂ ನಿಯಮ ಮುರಿದಿಲ್ಲ ತಾಯಿ. ಒಂದು ಕಾರ್ಡಿಗೆ ಒಂದು ಹೆಸರು ಅಂತಿದೆ. ನಿಮ್ಮನೇಲಿ ಮೂರು ಕಾರ್ಡಿದೆ," ಎಂದರು. ಆ ಸಮಾಧಾನ ಅವಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಸಹಿ ಹಾಕಿ ಪಾಸನ್ನು ಚೀಲಕ್ಕಿಟ್ಟುಕೊಂಡು ಮನೆಗೆ ನಡೆದಳು.

ನಡೆದದ್ದನ್ನು ಕೇಳಿದ ಗಂಡ ಸ್ವಿಚ್ ಬಿಚ್ಚುತ್ತಿದ್ದ ಕೈ ನಿಲ್ಲಿಸಲಿಲ್ಲ. "ನಾವೇನು ಕದ್ವಾ? ಸಾಲಲ್ಲಿ ನಿಂತು ತಗೊಂಡಿದ್ದು."

"ಮೂರು ಹೆಸರು ನಿಂತಿತ್ತು ರೀ. ನಿಂತ ಕಾಲು ಎರಡೇ, ನನ್ನವು."

"ಅವನು ಕೇಳ್ಬೇಕಿತ್ತು. ಬಾಯಿಗೂ ಬೀಗ ಹಾಕ್ಕೊಂಡು ಕೂತ್ರೆ ಯಾರೇನು ಮಾಡೋಕಾಗತ್ತೆ? ನೀನು ಎಲ್ಲಾ ಕಡೆ ಓಡಾಡಿ, ಕೇಳಿ, ಬರ್ಕೊಂಡು ಬಂದೆ. ಅದು ನಿನ್ನ ಶ್ರಮ."

ಅದೂ ನಿಜವೇ. ಅವಳು ಚೀಲದಿಂದ ಪಾಸು ತೆಗೆದು ಮೇಜಿನ ಮೇಲಿಟ್ಟು ಹೇಳಿದಳು: "ನನಗೆ ಕೇಳೋಕೆ ಬರತ್ತೆ. ಕೇಳೋಕೆ ಬರೋರಿಗೇ ಐದು ವಾರ, ಬರದೇ ಇರೋರಿಗೆ ಒಂದೂ ಇಲ್ಲ ಅಂದ್ರೆ ಹೇಗೆ? ಮೂರು ಸಲ ಹೋಗಿದೀವಿ. ಆ ಬಾಗಿಲಿನ ಮುಂದೆ ನಾವು ನಿಂತ ನೆನಪು ನಿಮ್ಗಿದೆಯಾ?"

ಗಂಡ ಯೋಚಿಸಿದ. "ಅಲ್ಲಿ ಮಗನಿಗೆ ಹಸಿವು ಅಂತ ಬಿಸ್ಕತ್ತು ಕೊಟ್ಟಿದ್ವಲ್ಲ, ಅದೇನಾ?"

ಪಕ್ಕದಲ್ಲೇ ಕೂತಿದ್ದ ಅತ್ತೆ ಮಾತು ಸೇರಿಸಿದರು. "ಬಿಟ್ಟಿ ಸಿಕ್ಕಿದ್ರೆ ನಂಗೂ ಇರ್ಲಿ, ನಮ್ಮಪ್ಪಂಗೂ ಇರ್ಲಿ ಅಂತ ಗಾದೆ ಕೇಳಿದ್ದೆ. ನಿಮ್ಮದು ಅತ್ತೆಗೂ ಇರ್ಲಿ ಅಂತ ಆಯ್ತು."

ಪಟ್ಟಿಯಕ್ಕನ ಮುಖ ಸಣ್ಣದಾಯಿತು. "ಅದೇ ಸಂಕಟ ಅತ್ತೆ. ಪಾಸು ಅವರಿಗೆ ಕೊಡೋಣ ಅಂದ್ರೆ ನಿಮ್ಮ ಪಾಲಿನದು ಹೋಗತ್ತೆ. ಎರಡು ವರ್ಷ ಆದ್ಮೇಲೆ ನಿಮ್ಮ ಮೊಣಕಾಲು..."

"ಮೊಣಕಾಲಿನ ಲೆಕ್ಕ ನಂಗೆ ಬಿಡು. ಅವರ ಮನೇಲಿ ಎಷ್ಟು ಜನ?"

"ಗೊತ್ತಿಲ್ಲ."

"ಇಷ್ಟೆಲ್ಲಾ ಬರ್ಕೊಳ್ತೀಯ, ಅದನ್ನ ಕೇಳ್ಲಿಲ್ವಾ? ಹೋಗಿ ಕೇಳ್ಕೊಂಡು ಬಾ."

ಬೀಗದವನ ಅಂಗಡಿಯೆಂದರೆ ಒಂದು ಮರದ ಪೆಟ್ಟಿಗೆ, ಒಂದು ಅರ ಮತ್ತು ತಂತಿಗೆ ಪೋಣಿಸಿದ ನೂರಾರು ಕೀಲಿಗಳು. ಪಟ್ಟಿಯಕ್ಕ ಹೋದಾಗ ಅವನು ಒಂದು ಕೀಲಿಯ ಹಲ್ಲನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಪುಸ್ತಕದಲ್ಲಿದ್ದ ಐದು ಸಾಲುಗಳು ತನ್ನವೇ ಎಂದು ಅವಳು ಮೊದಲು ಹೇಳಿಬಿಟ್ಟಳು.

"ನಾನೂ ನೋಡ್ದೆ ಅಕ್ಕ," ಎಂದ ಅವನು. "ಅಕ್ಷರ ಚೆನ್ನಾಗಿದೆ."

ಅವಳು ಕಣ್ಣು ತಗ್ಗಿಸಿದಳು. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದಳು. ಅವನು, ಇಬ್ಬರು ಹೆಣ್ಣುಮಕ್ಕಳು, ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸದ ಹೆಂಡತಿ. ಹೆಂಡತಿಗೆ ಭಾನುವಾರ ರಜೆ ಇಲ್ಲ.

"ಹಾಗಾದ್ರೆ ನಾಳೆ ನೀವು ಮೂರು ಜನ. ಪಾಸು ನಾಲ್ಕು ಜನಕ್ಕೆ. ನಮ್ಮತ್ತೆ ಅರಮನೆ ಇನ್ನೂ ನೋಡಿಲ್ಲ. ಮೆಟ್ಟಿಲು ಹತ್ತುವಾಗ ಸ್ವಲ್ಪ ಕೈ ಹಿಡೀಬೇಕಾಗತ್ತೆ. ಅವರನ್ನ ನಿಮ್ಮ ಜೊತೆ ಕರ್ಕೊಂಡು ಹೋಗ್ತೀರಾ?"

ಬೀಗದವನು ಅರವನ್ನು ಕೆಳಗಿಟ್ಟು ಬಾಯಿತುಂಬ ನಕ್ಕ. "ಇಪ್ಪತ್ತು ವರ್ಷದಿಂದ ಕೂತಿದೀನಿ ಅಕ್ಕ. ಸಾವಿರ ಜನ ಬೀಗ ತಂದಿದಾರೆ, ಕೀಲಿ ತಂದಿದಾರೆ. ಅತ್ತೇನ ತಂದವರು ನೀವೇ ಮೊದಲು!"

ಗ್ರಂಥಾಲಯ ಮುಚ್ಚಲು ಇಪ್ಪತ್ತು ನಿಮಿಷವಿರುವಾಗ ಅವರಿಬ್ಬರೂ ಅಲ್ಲಿಗೆ ತಲುಪಿದರು. ಪಾಸು ಬೀಗದವನ ಹೆಸರಿಗೆ ವರ್ಗವಾಯಿತು. ಪಟ್ಟಿಯಕ್ಕ ಅಡಿಕೋಲು ಕೇಳಿ ಪಡೆದು, ಮುಂದಿನ ವಾರಗಳಲ್ಲಿದ್ದ ತನ್ನ ಮನೆಯ ಎರಡು ಹೆಸರುಗಳ ಮೇಲೆ ನೇರ ಗೆರೆ ಎಳೆದಳು. ಗ್ರಂಥಪಾಲಕರು ಒಂದು ರಟ್ಟಿನ ತುಂಡಿನ ಮೇಲೆ ದಪ್ಪ ಅಕ್ಷರಗಳಲ್ಲಿ 'ಪಾಸು ಬೇಕಾದವರು ಇಲ್ಲಿ ಹೆಸರು ಬರೆಸಿ, ಮನೆಗೊಂದೇ ಹೆಸರು' ಎಂದು ಬರೆದು ಮೇಜಿನ ಮುಂಭಾಗಕ್ಕೆ ಅಂಟಿಸಿದರು.

ಭಾನುವಾರ ಅತ್ತೆ ಒಳ್ಳೆಯ ಸೀರೆಯುಟ್ಟು, ಬೀಗದವನ ಹಿರಿಯ ಮಗಳ ಭುಜದ ಮೇಲೆ ಕೈಯಿಟ್ಟು ಅರಮನೆಯ ಬಾಗಿಲೊಳಗೆ ಹೋದರು. ಹಿಂದೆ ತಿರುಗಿ ನೋಡಲೂ ಇಲ್ಲ. ಪಟ್ಟಿಯಕ್ಕ, ಗಂಡ ಮತ್ತು ಮಕ್ಕಳು ಹೊರಗಿನ ತೋಟದ ಬೆಂಚಿನ ಮೇಲೆ ಕುಳಿತರು. ಮಕ್ಕಳು ಹುಲ್ಲಿನ ಮೇಲೆ ಉರುಳಿದರು. ಗಂಡ ಬುತ್ತಿ ಬಿಚ್ಚಿದ. ಒಂದು ಗಂಟೆ ಕಳೆಯಿತು, ಎರಡಾಯಿತು. ತಾವು ಇಡೀ ಅರಮನೆಯನ್ನು ಐವತ್ತು ನಿಮಿಷಗಳಲ್ಲಿ ಮುಗಿಸುತ್ತಿದ್ದುದು ಪಟ್ಟಿಯಕ್ಕನಿಗೆ ನೆನಪಾಯಿತು.

ಎರಡೂಮುಕ್ಕಾಲು ಗಂಟೆಯ ಮೇಲೆ ಅವರು ಹೊರಬಂದರು. ಅತ್ತೆಯ ಮಾತು ಅವರಿಗಿಂತ ಮೊದಲೇ ಕೇಳಿಸಿತು.

"ಹನ್ನೊಂದಲ್ಲ ಕಣೇ, ಒಂಬತ್ತು! ಎರಡು ಸುಳ್ಳು ಅಗುಳಿ. ಕಳ್ಳ ಅದನ್ನೇ ಕೊರೀತಾ ಕೂರ್ಲಿ ಅಂತ ಇಟ್ಟಿದಾರೆ. ಈ ಪುಟ್ಟಿ ಕಂಡುಹಿಡಿದಳು. ಇವರಪ್ಪ ಅದು ಹೇಗೆ ತಿರುಗತ್ತೆ ಅಂತ ಹೇಳ್ತಾ ಇದ್ರೆ ಇಪ್ಪತ್ತು ಜನ ಸುತ್ತ ಸೇರಿಬಿಟ್ರು. ಕಾವಲುಗಾರ ನಂಗೆ ಕುರ್ಚಿ ತಂದು ಹಾಕ್ದ, ತಾನೂ ನಿಂತ್ಕೊಂಡು ಕೇಳ್ದ. ಆರು ವರ್ಷದಿಂದ ಆ ಬಾಗಿಲು ಕಾಯ್ತಿದಾನಂತೆ, ಅವನಿಗೇ ಗೊತ್ತಿರ್ಲಿಲ್ಲ!"

ಹುಡುಗಿ ಈ ಬಾರಿ ನೋಟ್‌ಬುಕ್ಕನ್ನು ಮರೆಮಾಡಲಿಲ್ಲ. ಪಟ್ಟಿಯಕ್ಕನ ಮಕ್ಕಳಿಬ್ಬರೂ ಅದರ ಮೇಲೆ ಬಗ್ಗಿದರು. "ಇದು ಎಲ್ಲಿತ್ತು? ನಾವು ನೋಡೇ ಇಲ್ಲ!" ಎಂದ ಮಗ, ಮೂರು ಸಲ ನೋಡಿ ಬಂದವನು.

ಬೀಗದವನು ಪಾಸನ್ನು ಎರಡೂ ಕೈಗಳಿಂದ ಮುಂದೆ ಹಿಡಿದ. "ತಗೊಳ್ಳಿ ಅಕ್ಕ. ಜೋಪಾನವಾಗಿದೆ."

ಪಟ್ಟಿಯಕ್ಕ ಕೈ ಚಾಚಲಿಲ್ಲ. "ಅದು ನಿಮ್ಮ ಹೆಸರಲ್ಲಿದೆ. ಮುಂದಿನ ಶನಿವಾರದವರೆಗೆ ನಿಮ್ಮದೇ. ಅರಮನೆ ಅಲ್ದೆ ಇನ್ನೂ ನಾಲ್ಕು ತಾಣ ನೋಡೋಕಿದೆ. ನಿಮ್ಮ ಮನೆಯವರಿಗೆ ಯಾವತ್ತು ರಜೆ?"

"ಬುಧವಾರ," ಎಂದು ಹುಡುಗಿ ಅಪ್ಪನಿಗಿಂತ ಮೊದಲೇ ಹೇಳಿದಳು. ಅವಳ ದನಿಯನ್ನು ಪಟ್ಟಿಯಕ್ಕ ಕೇಳಿದ್ದು ಅದೇ ಮೊದಲು. "ಅಮ್ಮನಿಗೂ ಆಗತ್ತಾ?"

"ಯಾಕಾಗಲ್ಲ? ನಾಲ್ಕು ಜನ," ಎಂದರು ಅತ್ತೆ, ಅವಳ ಭುಜದಿಂದ ಕೈ ತೆಗೆಯುತ್ತಾ. "ನನ್ನ ಜಾಗ ನಿಮ್ಮಮ್ಮನಿಗೆ. ಆದ್ರೆ ನೋಡ್ಕೊಂಡು ಬಂದು ನಂಗೆಲ್ಲಾ ಹೇಳ್ಬೇಕು."

ಬೀಗದವನು ಪಾಸನ್ನು ಅಂಗಿಯ ಒಳಜೇಬಿನಲ್ಲಿಟ್ಟು ಗುಂಡಿ ಹಾಕಿದ. ಹುಡುಗಿ ತಂಗಿಯ ಕೈ ಹಿಡಿದು ಬಸ್ಸಿನ ಕಡೆ ಓಡತೊಡಗಿದಳು; ಆಸ್ಪತ್ರೆಯಲ್ಲಿ ಅಮ್ಮನ ಪಾಳಿ ಮುಗಿಯಲು ಇನ್ನು ಅರ್ಧ ಗಂಟೆಯಷ್ಟೇ ಇತ್ತು.